ಚಕ್ರದ ಪೆತ್ರಾ

ಅಂಗೈಯನ್ನು ನಂಬದ ಒಬ್ಬಳೇ ಒಬ್ಬ ಹೆಂಗಸನ್ನು ನಾನು ಬಲ್ಲೆ. ಪೆತ್ರೊನಿಲಾ ದಿಮತುಲಾಕ್ ಕಾರಿನ ಚಕ್ರವನ್ನು ಪರೀಕ್ಷಿಸುವಾಗ, ಜ್ವರ ಬಂದ ಮಗುವಿನ ಹಣೆ ಮುಟ್ಟುವ ತಾಯಿಯಂತೆ, ಕೈಯನ್ನು ಮಗುಚಿ ಅದರ ಹಿಂಬದಿಯನ್ನಷ್ಟೇ ಲೋಹಕ್ಕೆ ತಾಕಿಸಿ, ಕಣ್ಣು ಮುಚ್ಚಿಕೊಳ್ಳುತ್ತಾಳೆ. ಯಾಕೆ ಹೀಗೆ ಎಂದು ಒಮ್ಮೆ ಕೇಳಿದ್ದೆ. "ಅಂಗೈ ಜಡ್ಡುಗಟ್ಟಿ ಹೋಗಿದೆ ಮೇಷ್ಟ್ರೇ, ಏನು ಮುಟ್ಟಿದ್ರೂ ನುಣ್ಣಗಿದೆ ಅನ್ನತ್ತೆ. ಹಿಂಬದಿ ಇನ್ನೂ ಸುಳ್ಳು ಕಲಿತಿಲ್ಲ" ಅಂದಿದ್ದಳು.

ಬತಾಂಗಾಸ್ ಕರಾವಳಿಯ ನಮ್ಮ ಊರಿನ ಗಾಳಿ ಲೋಹವನ್ನು ಸದ್ದಿಲ್ಲದೆ ತಿನ್ನುತ್ತದೆ. ಕಡಲ ದಂಡೆಯ ರಸ್ತೆಯಲ್ಲಿ ಓಡುವ ಗಾಡಿಯ ಚಕ್ರಗಳಿಗೆ ಮೇಣದ ರಕ್ಷೆ ಇಲ್ಲದಿದ್ದರೆ ಮಳೆಗಾಲ ಕಳೆಯುವುದರೊಳಗೆ ಅಂಚುಗಳು ಬೊಕ್ಕೆಯೆದ್ದು, ಬಣ್ಣ ಸುಲಿದು, ಕುಷ್ಠ ಹತ್ತಿದಂತಾಗುತ್ತವೆ. ಆದ್ದರಿಂದಲೇ ಸಾಲಾಬಾಯ್ ಕೇರಿಯ ಕಡಲ ತಡೆಗೋಡೆಯ ಪಕ್ಕ, ಹರಿದ ಟಾರ್ಪಾಲಿನ ನೆರಳಲ್ಲಿ, ಒಂದು ಮೋಟು ಮಣೆ, ಸೀಮೆಎಣ್ಣೆಯ ಡಬ್ಬಿ, ಹಳೆಯ ಹಲ್ಲುಜ್ಜುವ ಬ್ರಷ್ಷುಗಳು ಮತ್ತು ಒಗೆದೊಗೆದು ಮೆತ್ತಗಾದ ಬಟ್ಟೆಯ ಚೂರುಗಳ ನಡುವೆ ಆಕೆಯ ಸಾಮ್ರಾಜ್ಯ ನಿರಾತಂಕವಾಗಿ ನಡೆದುಕೊಂಡು ಬಂದಿತ್ತು. ಹಳೆಯ ಮೇಣದ ಮೇಲೆ ಹೊಸ ಮೇಣ ಹಚ್ಚುವುದು ಆಕೆಯ ಶಾಸ್ತ್ರದಲ್ಲಿ ಮಹಾಪಾಪ. ಮೊದಲು ಸೀಮೆಎಣ್ಣೆಯಲ್ಲಿ ಹಳೆಯದನ್ನು ಪೂರ್ತಿ ಕರಗಿಸಿ, ಬ್ರೇಕಿನ ಕರಿ ಧೂಳನ್ನು ಸಂದುಸಂದಿನಿಂದ ಕೆದಕಿ, ಸೋಪಿನ ಬಿಸಿನೀರಲ್ಲಿ ತೊಳೆದು, ಒಣಗಿಸಿ, ಆಮೇಲಷ್ಟೇ ತೆಳುವಾಗಿ ಹೊಸ ಲೇಪ. ಅದು ಮಂಜಿನಂತೆ ಮಸುಕಾದಾಗ ಒರೆಸಿದರೆ ಹೊಳಪು ಒಳಗಿನಿಂದಲೇ ಎದ್ದು ಬಂದಂತೆ ಕಾಣುತ್ತಿತ್ತು.

ಒಂದು ಚಕ್ರದಿಂದ ಇನ್ನೊಂದಕ್ಕೆ ಹೋಗಲು ಆಕೆ ಏಳುತ್ತಿರಲಿಲ್ಲ. ಕೂತ ಮಣೆಯ ಸಮೇತ, ಏಡಿಯಂತೆ ಅಡ್ಡಡ್ಡ ಜರುಗುತ್ತಿದ್ದಳು. ಆ ಅಭ್ಯಾಸ ನಡಿಗೆಗೂ ಇಳಿದು, ಚರ್ಚಿನ ನಡುದಾರಿಯಲ್ಲೂ ಒಂದು ಹೆಗಲು ಮುಂದೆ ಮಾಡಿಕೊಂಡು, ಯಾರನ್ನೋ ಸರಿಸಿಕೊಂಡು ಹೋಗುವವಳಂತೆ ಬರುತ್ತಿದ್ದಳು. ಹೂವಿನ ಅಚ್ಚಿನ ಮನೆಯುಡುಗೆಯ ಮೇಲೆ ಎಂಥ ಸೆಖೆಯಲ್ಲೂ ದಪ್ಪ ನೀಲಿ ಕೋಟು. ಹಡಗಿನ ಎಂಜಿನ್ ಕೋಣೆಯಲ್ಲಿ ದುಡಿಯುತ್ತಿದ್ದ ಅಣ್ಣ ಬಿಟ್ಟು ಹೋದದ್ದು. ತೋಳು ಉದ್ದವಾಯಿತೆಂದು ಕತ್ತರಿಸಿದ್ದಳು, ಮಡಚಿ ಹೊಲಿಯುವ ಗೋಜಿಗೆ ಹೋಗಿರಲಿಲ್ಲ. ನಮ್ಮ ಸೀಮೆಯ ಮಾತಿಗೆಲ್ಲ ಮೊದಲು ಬರುವ "ಅಲಾ ಏ" ಎಂಬ ಉದ್ಗಾರ ಆಕೆಯ ಬಾಯಲ್ಲಿ ಬೆರಗಾಗಿ, ಬೈಗುಳವಾಗಿ, ಕೆಲವೊಮ್ಮೆ ಇಡೀ ತೀರ್ಪೇ ಆಗಿ ಹೊರಡುತ್ತಿತ್ತು. ನನ್ನ ಕಾರನ್ನು ಮೊದಲ ಸಲ ನೋಡಿದಾಗ, "ಅಲಾ ಏ, ಇದು ಕಾರಲ್ಲ ಮೇಷ್ಟ್ರೇ, ಉಪ್ಪಿನಕಾಯಿ ಭರಣಿ! ಎಷ್ಟು ಕಾಲದಿಂದ ನೆನೆಹಾಕಿದ್ದೀರಿ?" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದ್ದಳು.

ಸೌಮ್ಯ ಸ್ವಭಾವದವಳೆಂದು ಯಾರೂ ತಪ್ಪು ತಿಳಿಯಬಾರದು. ನಾದಿನಿಯ ಜೊತೆ ಒಂದು ಮೀನಿನ ಬುಟ್ಟಿಯ ವಿಷಯಕ್ಕೆ ಮಾತು ಬಿಟ್ಟವಳು ಮತ್ತೆ ಆಡಿರಲಿಲ್ಲ; ತಪ್ಪು ತನ್ನದೇ ಎಂಬುದು ಕೇರಿಗೆಲ್ಲ ಗೊತ್ತಿದ್ದರೂ. ಓಡಿ ಬಂದ ಗಾಡಿಯ ಬಿಸಿ ಚಕ್ರಕ್ಕೆ ಸುತರಾಂ ಕೈ ಹಚ್ಚುತ್ತಿರಲಿಲ್ಲ. ದೀಕ್ಷಾಸ್ನಾನ ಮಾಡಿಸಲು ಅವಸರದಲ್ಲಿದ್ದ ಪಾದ್ರಿಗಳನ್ನೂ ತಡೆಗೋಡೆಯ ಮೇಲೆ ಕೂರಿಸಿ, ಕೈಗೆ ಕಡು ಬರಾಕೊ ಕಾಫಿಯ ಲೋಟ ಕೊಟ್ಟು, "ಚಕ್ರ ತಣ್ಣಗಾಗ್ಲಿ ಸ್ವಾಮಿ, ನೀವೂ ಸ್ವಲ್ಪ ತಣ್ಣಗಾಗಿ" ಎಂದಿದ್ದಳು. ದಿಮತುಲಾಕ್ ಎಂದರೆ ನಮ್ಮ ಮಾತಿನಲ್ಲಿ ತಳ್ಳಲಾಗದವನು ಎಂದರ್ಥ. ಹೆಸರಿಗೆ ತಕ್ಕಂತೆ ಬದುಕುವ ಹಟ ಎಲ್ಲರಿಗೂ ಇರುವುದಿಲ್ಲ. ಈಕೆಗೆ ಅದು ಮೈಯ ಉಪ್ಪಿನಲ್ಲೇ ಇತ್ತು.

ಹೊಸ ಬಂದರುಕಟ್ಟೆಯ ಉದ್ಘಾಟನೆಗೆ ರಾಜಧಾನಿ ಮನಿಲಾದಿಂದ ದೊಡ್ಡವರೊಬ್ಬರು ಬರುವುದಿತ್ತು. ಅವರ ಮೆರವಣಿಗೆಗೆಂದು ತರಿಸಿದ ಕರಿಯ ವ್ಯಾನುಗಳು ಪುರಸಭೆಯ ಅಂಗಳದಲ್ಲಿ ಸಾಲಾಗಿ ನಿಂತವು. ಸ್ವಾಗತದ ಉಸ್ತುವಾರಿ ಹೊತ್ತ ಕ್ರಿಸಾಂತೊ ಮಾರಲಿತ್ ತಾವೇ ಬಂದು ಕರೆದಾಗ ಪೆತ್ರಾ ಹಿಗ್ಗಿದ್ದು ನಿಜ. ಸೊಸೆಯನ್ನು ಜೊತೆಗಿಟ್ಟುಕೊಂಡು, ಹೊತ್ತು ಹೊತ್ತಿನ ಊಟ ಮರೆತು, ಒಂದೊಂದು ಚಕ್ರವನ್ನೂ ಮದುವಣಗಿತ್ತಿಯಂತೆ ಸಿಂಗರಿಸಿದಳು. "ಮೆರವಣಿಗೆ ನಮ್ಮ ರಸ್ತೆ ಮೇಲೇ ಹೋಗತ್ತಂತೆ, ಕೇರಿಯವರೆಲ್ಲ ನೋಡ್ತಾರೆ" ಎಂದು ಸಿಕ್ಕವರಿಗೆಲ್ಲ ಹೇಳಿದಳು.

ಉದ್ಘಾಟನೆಯ ಬೆಳಗ್ಗೆ ಕೇರಿಯವರು ಕಿಟಕಿ ತೆರೆದರೆ ರಸ್ತೆಯೇ ಇರಲಿಲ್ಲ. ಸಾಲಾಬಾಯ್ ಕೇರಿಯ ಮನೆಗಳು ಮನಿಲಾದ ಕಣ್ಣಿಗೆ ಬೀಳಬಾರದೆಂದು ಉದ್ದಕ್ಕೂ ಎತ್ತರದ ತಗಡು ನಿಲ್ಲಿಸಿದ್ದರು. ತಗಡಿನ ಆಚೆ ಮುಖಕ್ಕೆ ತೆಂಗಿನ ಮರ, ಬಿಳಿ ಮರಳು, ನೀಲಿ ಅಲೆಗಳ ಚಿತ್ರ. ಹಿತ್ತಲಲ್ಲಿ ನಿಜದ ಕಡಲು ಮೊರೆಯುತ್ತಿರಲು, ಅದರ ಮುಂದಿದ್ದ ಜನರನ್ನು ಬಣ್ಣದ ಕಡಲಿನ ಹಿಂದೆ ಬಚ್ಚಿಡಲಾಗಿತ್ತು.

ಪೆತ್ರಾ ಕೂಗಾಡಲಿಲ್ಲ. ಕೋಟು ತೊಟ್ಟಳು, ಸೀಮೆಎಣ್ಣೆಯ ಡಬ್ಬಿ ಹಿಡಿದಳು, ಮಣೆಯನ್ನು ಕಂಕುಳಿಗೆ ಸೇರಿಸಿದಳು. ಶಾಲೆಯ ವಾದ್ಯವೃಂದದ ಮಕ್ಕಳನ್ನು ಪುರಸಭೆಗೆ ಕರೆತಂದಿದ್ದ ನಾನು ಕಂಡದ್ದು ಇಷ್ಟು: ಆಕೆ ಅಡ್ಡ ಹೆಗಲಿನ ಆ ನಡಿಗೆಯಲ್ಲೇ ಅಂಗಳ ದಾಟಿ, ಮೊದಲ ವ್ಯಾನಿನ ಬಳಿ ಮಣೆ ಹಾಕಿ ಕೂತು, ತಾನೇ ಹಚ್ಚಿದ್ದ ಮೇಣವನ್ನು ಸೀಮೆಎಣ್ಣೆಯ ಬಟ್ಟೆಯಿಂದ ತೆಗೆಯತೊಡಗಿದಳು.

ಮಾರಲಿತ್ ಓಡಿ ಬಂದರು; ಗಾಬರಿಯಲ್ಲೂ ಹಿರಿಯಳಿಗೆ ಸಲ್ಲುವ 'ಆಲಿಂಗ್' ಬಿಡಲಿಲ್ಲ. "ಆಲಿಂಗ್ ಪೆತ್ರಾ! ಏನಿದು? ಇನ್ನೇನು ಹೊರಡೋ ಹೊತ್ತು!"

"ಹೊರಡಿ. ಬೇಡ ಅಂದೋರು ಯಾರು? ಚಕ್ರ ನಿಮ್ಮದು. ಹೊಳಪು ನಂದು, ವಾಪಸ್ ತಗೊಳ್ತಿದ್ದೀನಿ."

"ಮಾಡಿದ ಕೆಲಸಾನ ಹಿಂದಕ್ಕೆ ತಗೊಳ್ಳೋದು ಅಂತ ಎಲ್ಲಾದ್ರೂ ಉಂಟೇ?"

"ನಮ್ಮ ಕೆಲಸ ಬೇಕು, ಮುಖ ಬೇಡ ಅನ್ನೋದು ಉಂಟಲ್ಲ, ಹಾಗೆ ಇದೂ ಉಂಟು."

ಮಾರಲಿತ್ ಪೊಲೀಸನನ್ನು ಕರೆದರು. ಬಂದವನು ಅರ್ನೆಲ್, ಆಕೆ ಚರ್ಚಿನಲ್ಲಿ ಮಡಿಲಲ್ಲಿ ಹಿಡಿದು ದೀಕ್ಷೆ ಕೊಡಿಸಿದ ಧರ್ಮಪುತ್ರ. ಅವನು ಟೋಪಿ ತೆಗೆದು, ತಲೆ ತಗ್ಗಿಸಿ, "ನಿನಾಂಗ್, ಎದ್ದೇಳಿ... ನನ್ನ ಕೆಲಸ ಹೋಗತ್ತೆ" ಎಂದು ಗೊಣಗಿದ. ಧರ್ಮಮಾತೆಯನ್ನು ಕರೆಯುವ ಆ ಮಾತು ಬಾಯಿಂದ ಬಿದ್ದದ್ದೇ ತಡ, ಆಕೆ ತಲೆಯೆತ್ತಿ, "ಅಲಾ ಏ, ನಿನಾಂಗ್ ಅಂದೆ, ಆಶೀರ್ವಾದ ಯಾರು ತಗೊಳ್ತಾರೆ?" ಎಂದು ಕೈಯ ಹಿಂಬದಿಯನ್ನು ಚಾಚಿದಳು. ಇಡೀ ಅಂಗಳ ನೋಡುತ್ತಿರಲು ಸಮವಸ್ತ್ರದ ಪೊಲೀಸ್ ಬಗ್ಗಿ, ಹಿರಿಯರ ಆಶೀರ್ವಾದ ಪಡೆಯುವ ನಮ್ಮ ಪದ್ಧತಿಯಂತೆ, ಆ ಸೀಮೆಎಣ್ಣೆ ತೊಟ್ಟಿಕ್ಕುವ ಕೈಯನ್ನು ಹಣೆಗೆ ಒತ್ತಿಕೊಂಡ. "ದೇವರು ಒಳ್ಳೇದು ಮಾಡ್ಲಿ ಮಗಾ. ಈಗ ಎಳ್ಕೊಂಡು ಹೋಗ್ತೀಯಾ, ಹೋಗು." ಹಣೆಯ ಮೇಲೆ ಕರಿ ಗುರುತು ಹೊತ್ತು ಅವನು ಅಲ್ಲೇ ನಿಂತ, ಯಾರನ್ನೂ ಎಳೆಯಲಿಲ್ಲ. ಆಕೆ ಏಡಿಯಂತೆ ಮುಂದಿನ ಚಕ್ರಕ್ಕೆ ಜರುಗಿದಳು. ಕೊನೆಯ ವ್ಯಾನಿನ ಕೊನೆಯ ಚಕ್ರ ಮುಗಿಯುವವರೆಗೆ ಚಾಲಕರೊಬ್ಬರೂ ಎಂಜಿನ್ ಚಾಲೂ ಮಾಡಲಿಲ್ಲ.

ಮೆರವಣಿಗೆ ಬಣ್ಣದ ಕಡಲನ್ನು ದಾಟಿ ಹೋಗುವಾಗ, ತಗಡು ಮುಗಿಯುವ ಜಾಗದಲ್ಲಿ ಆಕೆ ಕೈಕಟ್ಟಿ ನಿಂತಿದ್ದಳು. ಮೊದಲ ವ್ಯಾನಿನ ಗಾಜಿನೊಳಗಿಂದ ನರೆಗೂದಲಿನವರೊಬ್ಬರು ಸ್ವಾಗತಕ್ಕೆ ನಿಂತವಳೆಂದು ಭಾವಿಸಿ ಕೈ ಎತ್ತಿದರು. ಆಕೆಯ ಕೈ ಕಟ್ಟಿದಂತೆಯೇ ಇತ್ತು.

ನಿಜ ಹೇಳಬೇಕೆಂದರೆ, ಅಷ್ಟು ದೂರದಿಂದ ಆ ಚಕ್ರಗಳಲ್ಲಿ ಮೇಣವಿದೆಯೋ ಇಲ್ಲವೋ ಯಾರಿಗೂ ಗೊತ್ತಾಗುವಂತಿರಲಿಲ್ಲ. ಅದನ್ನೇ ನಾನು ಆ ಸಂಜೆ ಅಂದೆ. ಲೋಮಿ ಎಂಬ ಗಟ್ಟಿ ಸಾರಿನ ಬಟ್ಟಲಿನಿಂದ ಶ್ಯಾವಿಗೆ ಎಳೆಯುತ್ತಿದ್ದ ಆಕೆ ನನ್ನನ್ನು ಕರುಣೆಯಿಂದ ನೋಡಿದಳು. "ಅವರಿಗೆ ಕಾಣ್ಲಿ ಅಂತ ತೆಗೀಲಿಲ್ಲ ಮೇಷ್ಟ್ರೇ. ನನಗೆ ಕಾಣತ್ತಲ್ಲ."

ಪುರಸಭೆಯ ಗಾಡಿಗಳು ಮತ್ತೆ ಬರಲಿಲ್ಲ. ತಡೆಗೋಡೆಯ ಬಳಿಯ ಟಾರ್ಪಾಲನ್ನೂ ಅಡಚಣೆಯೆಂಬ ನೆಪ ಹೇಳಿ ಕಿತ್ತುಹಾಕಿಸಿದರು. ಆಕೆ ಮಣೆಯನ್ನು ಮಂಜುಗಡ್ಡೆಯ ಕಾರ್ಖಾನೆಯ ಹಿಂದಿನ ಬಯಲಿಗೆ ಸಾಗಿಸಿದಳು. ಗಿರಾಕಿ ಕಡಿಮೆಯಾಯಿತು, ಸೊಸೆ ಮೀನು ಮಾರಲು ಹೊರಟಳು, ಮನೆಯಲ್ಲಿ ಮಾತಿಗೆ ಮಾತು ಬೆಳೆಯಿತು. ಮುಂದಿನ ಬೇಸಿಗೆಯಲ್ಲಿ ಮಾರಲಿತ್ ತಮ್ಮ ಸ್ವಂತ ಕಾರು ತಂದರು. ಚಕ್ರಗಳು ಆಗಲೇ ಬೊಕ್ಕೆಯೆದ್ದಿದ್ದವು. "ಅವತ್ತಿನದು ನನ್ನ ಕೈಲಿರಲಿಲ್ಲ, ಆಲಿಂಗ್ ಪೆತ್ರಾ. ಮೇಲಿನವರು ಹೇಳಿದ್ದು" ಎಂದರು.

ಆಕೆ ಕೈ ಮಗುಚಿ ಚಕ್ರ ಮುಟ್ಟಿ ನೋಡಿದಳು. "ಹಾಗಾದ್ರೆ ಇದನ್ನೂ ಮೇಲಿನವರ ಹತ್ರಾನೇ ತಗೊಂಡು ಹೋಗಿ" ಎಂದು ಬೆನ್ನು ತಿರುಗಿಸಿದಳು.

ಅವರು ಕ್ಷಮೆ ಕೇಳಿದ್ದರೆ ಏನಾಗುತ್ತಿತ್ತೋ ತಿಳಿಯದು; ಕೇಳಲಿಲ್ಲ. ಊರಿನ ಬುದ್ಧಿವಂತರು ಇಂದಿಗೂ ಆಕೆಯ ಹೆಸರು ಬಂದಾಗ ತಲೆಯಾಡಿಸಿ, ಹಟದಿಂದ ಅನ್ನ ಕಳೆದುಕೊಂಡವಳು ಎನ್ನುತ್ತಾರೆ. ಇರಬಹುದು. ಬಡವರ ಶ್ರಮವನ್ನು ಕೊಂಡವರು ಅದರ ಜೊತೆ ಅವರ ಮೌನವೂ ಬಂತೆಂದು ತಿಳಿಯುತ್ತಾರೆ. ಬಹುಮಟ್ಟಿಗೆ ಅವರ ಎಣಿಕೆ ಸರಿಯಾಗಿಯೇ ಇರುತ್ತದೆ, ನಮ್ಮಂಥವರು ವಾದ್ಯವೃಂದ ಕಟ್ಟಿಕೊಂಡು ಅಂಗಳದಲ್ಲಿ ನಿಂತಿರುತ್ತೇವಲ್ಲ. ಆದರೆ ಪ್ರತಿಯೊಂದು ಊರಿನಲ್ಲೂ, ಎಲ್ಲೋ ಒಂದು ಮೋಟು ಮಣೆಯ ಮೇಲೆ, ಕೊಟ್ಟದ್ದನ್ನು ಹಿಂದಕ್ಕೆ ಪಡೆಯಬಲ್ಲ ಒಬ್ಬರು ಕೂತಿರುತ್ತಾರೆ. ಅವರೊಡನೆ ಬಾಳುವುದು ಮನೆಯವರಿಗೆ ಕಷ್ಟ, ಊರಿಗೆ ಕಿರಿಕಿರಿ. ಅವರು ಗೆಲ್ಲುವುದೂ ಅಪರೂಪ. ಆದರೂ ಅವರ ಎದುರು ಹಾಯುವಾಗ ಅಧಿಕಾರದಲ್ಲಿರುವವರು ತಮಗರಿವಿಲ್ಲದೆ ಒಂದು ಹೆಜ್ಜೆ ನಿಧಾನ ಮಾಡುತ್ತಾರೆ, ಮತ್ತು ಉಳಿದ ನಾವು, ಕಾರಣ ಹೇಳಲಾಗದಿದ್ದರೂ, ಬೆನ್ನನ್ನು ತುಸು ನೆಟ್ಟಗೆ ಮಾಡಿಕೊಳ್ಳುತ್ತೇವೆ.