ಹುಳದ ಮನೆ ಮುಂದಿನ ಒಲೆ

ಕೊರೋನ ಬಂದು ಅಂಗನವಾಡಿಗೆ ಬೀಗ ಬಿದ್ದ ಮೇಲೆ ಪಂಚಾಯ್ತಿ ಮೆಂಬರು ರವಿಚಂದ್ರ ಆ ಬೀಗ ಒಡೆಸಿ ಒಳಗೆ ರೇಷ್ಮೆ ಹುಳು ಸಾಕಿದ.

ಮಕ್ಕಳ ಚಾಪೆ, ಬಾಂಡ್ಲಿ, ತಟ್ಟೆ ಎಲ್ಲ ಹೊರಗೆ ಬಂದು ಗೋಡೆ ಮಗ್ಗುಲಿಗೆ ಬಿದ್ದವು. ಗೋಡೆ ಮೇಲೆ ಬರೆದಿದ್ದ ಆನೆ, ಇಲಿಗಳನ್ನು ಮರೆಮಾಡಿಕೊಂಡು ಹುಳದ ತಟ್ಟೆಗಳ ಅಟ್ಟಣೆ ಎದ್ದಿತು. ಗ್ಯಾಸ್ ಸಿಲಿಂಡರು ಮೆಂಬರ ಮನೆ ಸೇರಿತು. ಅಂಗನವಾಡಿ ಸಹಾಯಕಿ, ಕೇರಿಯ ಚಿಕ್ಕನಂಜಮ್ಮ ತನ್ನ ಪೊರಕೆಯನ್ನಾದರೂ ತಕ್ಕೊಳ್ಳೋಣ ಅಂತ ಹೋದಾಗ ರವಿಚಂದ್ರ ಬಾಗಿಲಿಗೆ ಅಡ್ಡ ನಿಂತ.

"ಅಲ್ಲೇ ನಿಂತ್ಕಳಮ್ಮಿ ನಂಜಿ. ಸರ್ವೆ ಅಂತ ಮನೆಮನೆ ರೋಗ ಮೂಸ್ಕಂಡು ಬಂದಿದ್ದೀಯ. ಹುಳಕ್ಕೆ ಸೋಂಕಾಯ್ತದೆ."

"ಪೊರಕೆ ಒಳಗದೆ ಬುದ್ದಿ."

"ಇದ್ರೆ ಇರ್ಲಿ ಬುಡು. ಈಗ್ಯಾವ ಮುಂಡೆ ಗುಡಿಸ್ಬೇಕಾಗದೆ ಅಲ್ಲಿ?"

ಹುಳು ದೊಡ್ಡದಾಗುವುದರೊಳಗೆ ನಾಲ್ಕು ಸಲ ಸೊಪ್ಪು ಬಿಟ್ಟು ತಲೆಯೆತ್ತಿ ಮಲಗುತ್ತದೆ. ಅದಕ್ಕೆ ಜ್ವರ ಅನ್ನುತ್ತಾರೆ. ಹುಳು ಜ್ವರಕ್ಕೆ ಕೂತರೆ ಆ ಬೀದಿಯಲ್ಲಿ ಯಾರೂ ಬೀಡಿ ಹಚ್ಚುವಂತಿಲ್ಲ, ಅಕ್ಕಪಕ್ಕದವರು ಒಗ್ಗರಣೆ ಹಾಕುವಂತಿಲ್ಲ. ಕೊನೆಗೆ ಗೂಡು ಕಟ್ಟುವಾಗಲಂತೂ ಹೊಗೆ, ಘಾಟು ತಾಕಿತೋ, ಬೆಳೆ ಕೆಟ್ಟಿತು ಅಂತಲೇ ಲೆಕ್ಕ. ಅದೇ ತಿಂಗಳು ಚಿಕ್ಕನಂಜಮ್ಮನಿಗೂ ಜ್ವರ ಬಂತು. ಊರವರ ಬಾಗಿಲಲ್ಲಿ ನಿಂತು "ಕೆಮ್ಮು ಅದಾ, ನೆಗಡಿ ಅದಾ" ಅಂತ ಕೇಳಿ ಕೇಳಿ ತಂದುಕೊಂಡ ಜ್ವರ. ಕೇರಿಯ ದಾರಿಗೆ ಜಾಲಿಮುಳ್ಳು ಕಡಿಸಿ ಹಾಕಿಸಿದ್ದೂ ಇದೇ ರವಿಚಂದ್ರ.

ಬದುಕಿ ಎದ್ದಳು. ಮುಳ್ಳು ತೆಗೆದರು. ಕೇರಿಯ ಹೆಂಗಸರು ಕೂಲಿಗೆ ಹೊರಟರು, ಮಕ್ಕಳನ್ನು ಬಿಡಲು ಜಾಗವಿಲ್ಲದೆ ಜೊತೆಗೇ ಕಟ್ಟಿಕೊಂಡು. ಅವಳ ಮಗಳು ನಯನ ರವಿಚಂದ್ರನ ತೋಟಕ್ಕೇ ಹಿಪ್ಪುನೇರಳೆ ಸೊಪ್ಪು ಕೊಯ್ಯಲು ಹೋಗುತ್ತಿದ್ದಳು, ಮೂರು ವರ್ಷದ ದೀಪಿಕಳನ್ನು ಬದುವಿನ ಮೇಲೆ ಕೂರಿಸಿ. ಒಂದು ಮಧ್ಯಾಹ್ನ ಹೊರೆ ಕಟ್ಟಿ ತಿರುಗಿದರೆ ಬದುವಿನ ಮೇಲೆ ಮಗು ಇಲ್ಲ. ನಾಲೆಯ ತೂಬಿನ ಬಾಯಲ್ಲಿ ಸಿಕ್ಕಿತು.

ರವಿಚಂದ್ರ ಬಂದು ದೂರದಲ್ಲೇ ನಿಂತ. "ಎತ್ಮೇಲೆ ನೋಡ್ಕಳಕಾಗ್ಬೇಕು ಕಣಮ್ಮಿ. ನಾಯಿನೂ ಅದ್ರ ಮರಿ ಕಾಯ್ಕತದೆ" ಅಂದ. ಮಗುವನ್ನು ಮಣ್ಣು ಮಾಡಿ ಬರುವಷ್ಟರಲ್ಲಿ ಅವನ ಆಳು ಹಟ್ಟಿ ಮುಂದೆ ನಿಂತಿದ್ದ. "ಕುಯ್ದಿಟ್ಟ ಸೊಪ್ಪು ಬಾಡ್ತಾ ಅದಂತೆ. ಹೊರೆ ತಂದಾಕ್ಬುಟ್ಟು ಅಳಾಕ್ ಏಳು ಅಂದವ್ರೆ."

ನಯನ ಎದ್ದು ಹೋಗಿ ಹೊರೆ ಹಾಕಿ ಬಂದಳು. ಚಿಕ್ಕನಂಜಮ್ಮ ಬೇಡ ಅನ್ನಲಿಲ್ಲ.

ಒಂದಾದ ಮೇಲೊಂದು ಬೆಳೆ ಎದ್ದವು. ಅಂಗನವಾಡಿಯ ಬಾಗಿಲು ತೆಗೆಯಿರಿ ಅಂತ ಆರ್ಡರು ಬಂದಾಗ ಒಳಗೆ ಮತ್ತೊಂದು ಬೆಳೆ ಹಣ್ಣಾಗಿತ್ತು. ಹುಳುಗಳನ್ನು ಗೂಡು ಕಟ್ಟಲಿ ಅಂತ ಬಿದಿರು ತಟ್ಟಿಯ ಚಂದ್ರಿಕೆಗೆ ಬಿಟ್ಟಿದ್ದರು. ಮಳವಳ್ಳಿಯಿಂದ ಸೂಪರ್‌ವೈಸರ್ ನಾಗಶ್ರೀ ಕಾರಿನಲ್ಲಿ ಬಂದರು, ಒಂದು ಬ್ಯಾನರು, ಎರಡು ಶಾಲು ಹಿಡಿದು.

"ಮೇಡಂ, ನಾಕೈದು ದಿನ ಅಷ್ಟೇ" ಅಂದ ರವಿಚಂದ್ರ. "ಗೂಡು ಬುಡಿಸ್ಕಂಡು ರಾಮನಗರದ ಮಾರ್ಕೆಟ್ಗೆ ಓದ್ರೆ ಬಾಗ್ಲು ನಿಮ್ದೇ."

"ಅದಕ್ಕೇನಂತೆ ಬಿಡಿ. ಬಾಗಿಲಿಗೆ ಬ್ಯಾನರ್ ಕಟ್ಟಿ ಮಕ್ಕಳನ್ನ ಜಗಲಿ ಮೇಲೆ ಕೂರಿಸೋಣ. ಒಳಗೇನಿದೆ ಅಂತ ಫೋಟೊದಲ್ಲಿ ಕಾಣುತ್ತಾ?" ನಾಗಶ್ರೀ ಇತ್ತ ತಿರುಗಿದರು. "ಚಿಕ್ಕನಂಜಮ್ಮ, ಇವತ್ತು ಅಡುಗೆ ಬೇಡ. ಒಲೆಗಿಲೆ ಹಚ್ಚಬೇಡಿ, ಪಾಪ ಅವರ ಬೆಳೆ. ಬಿಸ್ಕತ್ತು ಕೊಟ್ಟು ಕಳಿಸಿ."

"ಅಡ್ಗೆ ಮಾಡ್ದೆ ಅಂಗನವಾಡಿ ತಗ್ದಂಗೆ ಎಂಗಾಯ್ತದೆ ಮೇಡಂ?"

"ತೆಗೆದ ಹಾಗೆ ಕಂಡರೆ ಸಾಕಮ್ಮ."

ಟೀಚರ್ ವನಜಾ ತಲೆ ತಗ್ಗಿಸಿ ಬ್ಯಾನರಿನ ದಾರ ಬಿಗಿದಳು. ಕೊರೋನ ಯೋಧರಿಗೆ ನಮ್ಮ ಬೆಂಬಲ ಅಂತ ಅದರಲ್ಲಿ ಬರೆದಿತ್ತು. ನಾಗಶ್ರೀ ಒಂದು ಶಾಲನ್ನು ವನಜಾಳ ಹೆಗಲಿಗೆ ಹಾಕಿದರು. ಇನ್ನೊಂದನ್ನು ಜಗಲಿಯ ಅಂಚಿನಲ್ಲಿಟ್ಟು ಹಿಂದೆ ಸರಿದರು. "ಅಂತರ ಇರಲಿ. ನೀವೇ ಹೊದ್ದುಕೊಳ್ಳಿ. ಮಾಸ್ಕ್ ಇಳಿಸಿ ಸ್ವಲ್ಪ ನಗಮ್ಮ."

ಚಿಕ್ಕನಂಜಮ್ಮ ಎತ್ತಿ ಹೊದ್ದಳು. ಫೋಟೊ ಆಯಿತು. ಸಾಲಿನ ತುದಿಯಲ್ಲಿ ಕೂತಿದ್ದ ಕೇರಿಯ ಬಿಂದುಶ್ರೀ, ದೀಪಿಕಳ ಜೊತೆ ಮಣ್ಣಾಡುತ್ತಿದ್ದ ಕೂಸು, ಚಿಕ್ಕನಂಜಮ್ಮನ ಸೆರಗು ಜಗ್ಗಿತು.

"ಅಜ್ಜಿ, ಉಪ್ಪಿಟ್ಟು ಇಲ್ವಾ?"

ಗೋಡೆ ಮಗ್ಗುಲಲ್ಲಿ ಹುಳು ತಿಂದು ಬಿಟ್ಟ ಹಿಪ್ಪುನೇರಳೆ ಕಡ್ಡಿಗಳು ರಾಶಿ ಬಿದ್ದಿದ್ದವು, ನಯನ ಹೊತ್ತು ತಂದವು. ಚಿಕ್ಕನಂಜಮ್ಮ ಒಂದು ತೆಕ್ಕೆ ಬಾಚಿಕೊಂಡಳು. ಕಿಟಕಿಯ ಕೆಳಗೆ ಮೂರು ಕಲ್ಲು ಹೂಡಿದಳು. ಅಲ್ಲೇ ಬಿದ್ದಿದ್ದ ಬಾಂಡ್ಲಿಯನ್ನು ತಾನು ತಂದಿದ್ದ ಬಿಂದಿಗೆಯ ನೀರಲ್ಲಿ ತೊಳೆದಳು. ರವೆ, ಎಣ್ಣೆ, ಒಣಮೆಣಸಿನಕಾಯಿ ಟೀಚರ ಚೀಲದಲ್ಲಿದ್ದವು, ಕೈಚಾಚಿದಳು. ವನಜಾ ಒಮ್ಮೆ ಮೇಡಮ್ಮನ ಕಡೆ ನೋಡಿದಳು. ಆಮೇಲೆ ಚೀಲವನ್ನೇ ಕೊಟ್ಟುಬಿಟ್ಟಳು.

ಅರೆಹಸಿ ಕಡ್ಡಿ ದಟ್ಟವಾಗಿ ಹೊಗೆಯಾಡಿತು. ಕಾದ ಎಣ್ಣೆಗೆ ಮೆಣಸಿನಕಾಯಿ ಬಿದ್ದದ್ದೇ ಘಾಟು ಎದ್ದು ಕಿಟಕಿಯ ಸರಳುಗಳ ನಡುವೆ ಒಳಗೆ ನುಗ್ಗಿತು. ಕಾರಿನ ಹತ್ತಿರ ಮಾತಾಡುತ್ತಿದ್ದ ರವಿಚಂದ್ರ ಕೆಮ್ಮುತ್ತ ಓಡಿಬಂದ.

"ಲೇ ನಂಜಿ! ಹುಳ ಎಲ್ಲಾ ಎಕ್ಕುಟ್ಟೋಯ್ತವೆ ಕಣ್ಲೇ! ಆರ್ಸು ಒಲೆಯ, ಬೇವರ್ಸಿ ಮುಂಡೆ!"

"ನಿನ್ ಹುಳ ನೀನು ಈಚ್ಗೆ ತಕ್ಕಂಡೋಗು. ಮಕ್ಳು ಒಳಿಕ್ಕೋಗ್ಬೇಕು."

"ನಿನ್ ಹುಳವಾ? ತಕ್ಕಂಡೋಗಾ? ಯಾರ್ಗಮ್ಮಿ ಅಂತಿದ್ದೀಯ?"

"ನಿಂಗೇಯ."

"ಚಿಕ್ಕನಂಜಮ್ಮ, ಕೆಲಸದಿಂದ ತೆಗಿಸಬೇಕಾಗುತ್ತೆ!" ನಾಗಶ್ರೀ ಮೂಗು ಮುಚ್ಚಿಕೊಂಡು ದೂರದಿಂದಲೇ ಕೂಗಿದರು. "ಮೊದಲು ಆರಿಸಿ ಅದನ್ನ!"

ರವಿಚಂದ್ರ ನೀರಿಗೆ ಸುತ್ತ ನೋಡಿದ. ಇದ್ದದ್ದು ಒಂದೇ ಬಿಂದಿಗೆ. ಅವಳ ಮೊಣಕಾಲ ಪಕ್ಕದಲ್ಲಿತ್ತು, ಕೇರಿಯಿಂದ ಬಂದದ್ದು. ಚಾಚಿದ ಕೈ ಅಲ್ಲೇ ನಿಂತಿತು.

"ಟೀಚರಮ್ಮ, ನೀವಾರ ಆ ನೀರು ಉಯ್ರೀ ಮತ್ತೆ!"

ವನಜಾ ಗೋಡೆ ಮಗ್ಗುಲಿನ ಚಾಪೆಯೊಂದನ್ನು ಎತ್ತಿ ಪಟಪಟ ಕೊಡವತೊಡಗಿದಳು.

ಚಿಕ್ಕನಂಜಮ್ಮ ಅದೇ ಬಿಂದಿಗೆ ಬಗ್ಗಿಸಿ ಬಾಂಡ್ಲಿಗೆ ನೀರು ಹುಯ್ದಳು. ಹೆಗಲ ಮೇಲಿದ್ದ ಶಾಲನ್ನು ಎಳೆದು ಮಸಿಬಟ್ಟೆಯ ಹಾಗೆ ಮಡಚಿ ಬಾಂಡ್ಲಿಯ ಕಿವಿ ಹಿಡಿದಳು.

"ಆರ್ಸಮ್ಮಿ ಅಂದೆ!"

"ಆರ್ಸಾಕಿಲ್ಲ" ಅಂದಳು, ಇನ್ನೊಂದು ಹಿಡಿ ಕಡ್ಡಿ ಒಲೆಗೆ ತುರುಕಿದಳು.