ಗೋವಿಂದ ಹೇಳುವ ಮುಂಚೆ

ಪುತ್ತೂರಿನ ಡಾಕ್ಟರ್ ರಿಝ್ವಾನಾ ಅವರ ಒಂದು ಅಭ್ಯಾಸ ನನಗೆ ತುಂಬ ಇಷ್ಟ. ರೋಗಿ ಎಷ್ಟೇ ಚಿಕ್ಕವರಿದ್ದರೂ ಕುರ್ಚಿಯನ್ನು ಅವರ ಕಡೆಗೇ ತಿರುಗಿಸಿಕೊಂಡು ಮಾತಾಡುತ್ತಾರೆ. ಜೊತೆಗೆ ಹೋದ ಹಿರಿಯರಿಗೆ ಅವರ ಭುಜ ಮಾತ್ರ ಕಾಣುತ್ತದೆ. ಆ ದಿನವೂ ಸೊಸೆ ಹೇಮಶ್ರೀ ಎದುರಿಗೆ ಕೂತು ಫೈಲು ಬಿಚ್ಚಿದ್ದರೂ ಅವರು ತಿರುಗಿದ್ದು ನನ್ನ ಮೊಮ್ಮಗಳು ಯಶಸ್ವಿಯ ಕಡೆಗೆ.

“ಬೆಳಗ್ಗಿನದ್ದು ಚಂದ ಉಂಟು, ರಾತ್ರಿಯದ್ದೂ ಪರವಾಗಿಲ್ಲ,” ಎಂದು, ತೋಳಿಗೆ ಅಂಟಿಸಿದ ಸೆನ್ಸರಿನಿಂದ ಅವಳ ಮೊಬೈಲಿಗೆ ಬಂದಿದ್ದ ಮೂರು ತಿಂಗಳ ಸಕ್ಕರೆಯ ಗೆರೆಗಳನ್ನು ನೋಡುತ್ತ ಹೇಳಿದರು. “ಮಧ್ಯಾಹ್ನ ಮಾತ್ರ ಈ ಗುಡ್ಡಗಳು ಎಂತ? ಇಂಜೆಕ್ಷನ್ ಊಟಕ್ಕೆ ಮೊದಲೇ ತಗೊಳ್ತೀಯಲ್ಲ?”

“ಹ್ಞೂಂ ಡಾಕ್ಟ್ರೇ, ಮೊದಲೇ.”

ಡಾಕ್ಟರು ಅವಳ ಮುಖವನ್ನೊಮ್ಮೆ ನೋಡಿದರು. ಇನ್ನೊಂದು ಸಲ ಕೇಳಲಿಲ್ಲ. ಕೇಳಿದ್ದರೆ ಹುಡುಗಿ ಅಮ್ಮನ ಎದುರಿಗೆ ಇನ್ನೊಂದು ಸುಳ್ಳು ಹೇಳಬೇಕಾಗುತ್ತಿತ್ತು ಎಂದು ಅವರಿಗೆ ಗೊತ್ತಿತ್ತೇನೋ.

ಯಶಸ್ವಿಗೆ ಒಂಬತ್ತನೆಯ ವಯಸ್ಸಿನಲ್ಲೇ ಸಕ್ಕರೆ ಕಾಯಿಲೆ ಬಂದಿತ್ತು. ಮಾತ್ರೆಯಲ್ಲಿ ಹೋಗುವ ಜಾತಿಯದ್ದಲ್ಲ; ಮೈಯಲ್ಲಿ ಇನ್ಸುಲಿನ್ ಹುಟ್ಟುವುದೇ ಇಲ್ಲ, ಹೊರಗಿನಿಂದ ಕೊಡಬೇಕು. ರಾತ್ರಿ ಒಂದು, ಪ್ರತಿ ಊಟಕ್ಕೆ ಒಂದೊಂದು. ಪೆನ್ನಿನ ಹಾಗಿರುವ ಇಂಜೆಕ್ಷನ್ನನ್ನು ಅವಳೇ ಚುಚ್ಚಿಕೊಳ್ಳುತ್ತಿದ್ದಳು. ಈಗ ಪಿಯುಸಿ ಮುಗಿದಿತ್ತು. ಮಳೆ ಹಿಡಿಯುವುದರೊಳಗೆ ಸುಳ್ಯದ ನಮ್ಮ ಮನೆ ಬಿಟ್ಟು ಪುತ್ತೂರಿನ ಹಾಸ್ಟೆಲಿಗೆ ಹೋಗುವವಳಿದ್ದಳು. ಅಲ್ಲಿ ಮೂರು ಹೊತ್ತೂ ನೂರಾರು ಮಕ್ಕಳ ನಡುವೆ ಊಟ. ಮಧ್ಯಾಹ್ನದ ಗುಡ್ಡಗಳು ಹೀಗೇ ಬೆಳೆದರೆ ಮುಂದೆ ಕಣ್ಣಿಗೆ, ಕಿಡ್ನಿಗೆ ತೊಂದರೆ ಎಂದು ಡಾಕ್ಟರು ಬೈಯದೆ, ಹೆದರಿಸದೆ, ಇದ್ದದ್ದನ್ನು ಇದ್ದಂತೆ ಹೇಳಿದರು.

“ಹಾಗಾದರೆ ಇನ್ಸುಲಿನ್ ಪಂಪೇ ಹಾಕುವ ಡಾಕ್ಟ್ರೇ,” ಎಂದಳು ಹೇಮಶ್ರೀ. ಅವಳು ಎಷ್ಟೋ ತಿಂಗಳಿಂದ ಅದನ್ನೇ ಯೋಚಿಸುತ್ತಿದ್ದಳು. “ಖರ್ಚಿನ ಯೋಚನೆ ಇವಳಪ್ಪ ಮಾಡಿ ಆಗಿದೆ.”

“ನನಗೆ ಬೇಡ,” ಎಂದಳು ಯಶಸ್ವಿ.

“ಯಾಕೆ ಬೇಡ? ಒಂದು ಕಾರಣ ಹೇಳು ಮಾರಾಯ್ತಿ!”

ಯಶಸ್ವಿ ಮೊಬೈಲನ್ನು ಚೀಲಕ್ಕೆ ಹಾಕಿದಳು. ಡಾಕ್ಟರ್ ರಿಝ್ವಾನಾ ಮೇಜಿನ ಡ್ರಾಯರಿನಿಂದ ಬೆಂಕಿಪೆಟ್ಟಿಗೆಗಿಂತ ಸ್ವಲ್ಪ ದೊಡ್ಡದಾದ ಒಂದು ಯಂತ್ರ ತೆಗೆದರು. ಅದಕ್ಕೊಂದು ಸಪೂರ ನಳಿಗೆ; ಅದರ ತುದಿಯನ್ನು ಹೊಟ್ಟೆಯ ಚರ್ಮಕ್ಕೆ ಸಿಕ್ಕಿಸಿದರೆ ಇನ್ಸುಲಿನ್ ಹಗಲು ರಾತ್ರಿ ತಾನಾಗಿ ಇಳಿಯುತ್ತದೆ, ಊಟದ ಹೊತ್ತಿಗೆ ಮಾತ್ರ ಬಟನ್ ಒತ್ತಬೇಕು. “ಇದರಲ್ಲಿ ಬರೀ ಉಪ್ಪುನೀರು ತುಂಬಿಸಿ ಕೊಡ್ತೇನೆ. ಎರಡು ವಾರ ಹಾಕಿ ನೋಡು. ನಿನ್ನ ಇಂಜೆಕ್ಷನ್ ಮಾತ್ರ ಇದ್ದ ಹಾಗೇ ತಗೊಳ್ಳಬೇಕು, ಮರೀಬಾರದು. ಮಲಗುವಾಗ, ನಡೆಯುವಾಗ, ಜನ ನೋಡುವಾಗ ಹೇಗಾಗ್ತದೆ ಅಂತ ನಿನಗೇ ಗೊತ್ತಾಗ್ತದೆ. ಪಂಪಾದರೂ ಸೈ, ಪೆನ್ನಾದರೂ ಸೈ. ಸರಿಯಾಗಿ ತಗೊಂಡರೆ ಎರಡೂ ಒಳ್ಳೆಯದೇ. ಎರಡು ವಾರ ಬಿಟ್ಟು ನೀನು ಹೇಳು.”

‘ಜನ ನೋಡುವಾಗ’ ಎಂಬ ಮಾತನ್ನು ಅವರು ನಡುವೆ ಸೇರಿಸಿದ್ದು ಸುಮ್ಮನೆ ಅಲ್ಲ ಎಂದು ನನಗೆ ಆಮೇಲೆ ಹೊಳೆಯಿತು.

ಮೊದಲ ದಿನಗಳಲ್ಲಿ ಯಶಸ್ವಿ ಆ ಯಂತ್ರವನ್ನು ಹೊಟ್ಟೆನೋವಿನ ಹಾಗೆ ಹೊತ್ತು ತಿರುಗಿದಳು. ನಳಿಗೆ ಬಾಗಿಲ ಹಿಡಿಗೆ ಸಿಕ್ಕಿಕೊಂಡಿತು. ಮಗ್ಗುಲಾಗುವಾಗ ಎಚ್ಚರವಾಯಿತು. ಆಮೇಲೆ ಅಷ್ಟೇನೂ ಗೊತ್ತಾಗುವುದಿಲ್ಲ ಎಂದು ಅವಳೇ ಒಪ್ಪಿಕೊಂಡಳು. ಆದರೂ ಹೊರಗೆ ಹೊರಟಾಗಲೆಲ್ಲ ಶಾಲನ್ನು ಸೊಂಟದ ಮೇಲೆ ಇಳಿಬಿಡುತ್ತಿದ್ದಳು.

ಆ ಎರಡು ವಾರದ ನಡುವೆಯೇ ಹೇಮಶ್ರೀಯ ತಮ್ಮ ಉದಯನ ಹೊಸಮನೆ ಒಕ್ಕಲು, ಎಂದರೆ ಗೃಹಪ್ರವೇಶ, ಬಂತು, ಇಚಿಲಂಪಾಡಿಯಲ್ಲಿ. ಹೋಗದಿದ್ದರೆ ಆಗುವುದಿಲ್ಲ.

ನಮ್ಮ ಕಡೆಯ ಊಟದ ಕ್ರಮ ಗೊತ್ತಿಲ್ಲದವರಿಗೆ ಇಲ್ಲೊಂದು ಮಾತು ಹೇಳಬೇಕು. ಎಲೆ ಹಾಕಿ, ಉಪ್ಪಿನಿಂದ ಹಿಡಿದು ಅನ್ನದವರೆಗೆ ಎಲ್ಲರಿಗೂ ಬಡಿಸಿ ಆದ ಮೇಲೆ ಹಿರಿಯರೊಬ್ಬರು ಗಟ್ಟಿಯಾಗಿ ‘ಗೋವಿಂದಾ’ ಎನ್ನುತ್ತಾರೆ. ಪಂಕ್ತಿಯವರೆಲ್ಲ ದನಿಗೂಡಿಸುತ್ತಾರೆ. ಅದಕ್ಕೆ ಮೊದಲು ಯಾರೂ ಎಲೆಗೆ ಕೈ ಹಾಕುವುದಿಲ್ಲ. ಬಡಿಸಿದ ಎಲೆಯ ಎದುರಿನಿಂದ ಏಳುವುದೂ ಇಲ್ಲ. ಈಗ ಟೇಬಲ್ಲು ಕುರ್ಚಿ ಬಂದಿದ್ದರೂ ನಿಯಮ ನೆಲದ ಕಾಲದ್ದೇ.

ಯಶಸ್ವಿ ಹೈಸ್ಕೂಲಿನಲ್ಲಿದ್ದಾಗ ಆಲಂಕಾರಿನ ಒಂದು ಮದುವೆಯಲ್ಲಿ ಎಲೆ ಹಾಕುವುದನ್ನು ಕಂಡು ಹಿಂದೆ ಹೋಗಿ ಇಂಜೆಕ್ಷನ್ ತಗೊಂಡು ಬಂದು ಕೂತಿದ್ದಳು. ದಿಬ್ಬಣದವರಲ್ಲಿ ಯಾರೋ ಬರುವುದಿತ್ತು, ಗೋವಿಂದ ಬರಲೇ ಇಲ್ಲ. ಎದುರಿಗೆ ಪಾಯಸ, ಹೋಳಿಗೆ. ಇಂಜೆಕ್ಷನ್ ತಗೊಂಡು ಉಣ್ಣದೆ ಕೂತರೆ ಸಕ್ಕರೆ ತೀರಾ ಇಳಿದುಬಿಡುತ್ತದೆ; ಅವಳ ಹಣೆಯಲ್ಲಿ ಬೆವರು. ಆದರೂ ಹುಡುಗಿ ಎಲೆಗೆ ಕೈ ಹಾಕಲಿಲ್ಲ. ಬಡಿಸುತ್ತಿದ್ದ ಅಚ್ಚುತ ಎಂಬವರು ಅದನ್ನು ಕಂಡು, ಯಾರಿಗೂ ತಿಳಿಯದ ಹಾಗೆ ಒಂದು ಲೋಟದಲ್ಲಿ ಪಾಯಸ ತಂದು ‘ನೀರು ಕುಡಿ ಮಗಾ’ ಎಂದು ಅವಳ ಕೈಗೆ ಕೊಟ್ಟರು. ಆ ಮನುಷ್ಯನನ್ನು ನಾನು ಇವತ್ತಿಗೂ ನೆನೆಯುತ್ತೇನೆ.

ಒಕ್ಕಲಿನ ದಿನ ನಾವು ಕೊನೆಯ ಪಂಕ್ತಿಗೆ ಕೂತೆವು. ಯಶಸ್ವಿ ನನ್ನ ಮತ್ತು ಪೂವಮ್ಮನ ನಡುವೆ. ಪೂವಮ್ಮ ಉದಯನ ಹೆಂಡತಿಯ ಚಿಕ್ಕಮ್ಮ, ಬಾಯಿ ಜೋರು. ಶಾಲು ಜಾರಿದ್ದೇ ಅವರ ಕಣ್ಣು ಅಲ್ಲಿಗೇ ಬಿತ್ತು.

“ಎಂತದು ಮಗಾ ಸೊಂಟದಲ್ಲಿ? ಮೊಬೈಲಾ? ಊಟಕ್ಕೆ ಕೂತಾಗಲಾದರೂ ಅದನ್ನು ಬಿಡ್ಲಿಕ್ಕೆ ಆಗುದಿಲ್ವಾ ನಿಮಗೆ?”

“ಹ್ಞೂಂ ಆಂಟೀ, ಮೊಬೈಲು,” ಎಂದಳು ಯಶಸ್ವಿ.

ನನ್ನ ಆಚೆ ಕೂತಿದ್ದ ಹೇಮಶ್ರೀ ತಲೆ ತಗ್ಗಿಸಿದಳು. ಮಗಳು ಪಂಪು ಬೇಡ ಎಂದದ್ದರ ಕಾರಣ ಅವಳಿಗೆ ಆಗ ಸಿಕ್ಕಿತು ಎಂದು ಕಾಣುತ್ತದೆ. ಪೆನ್ನನ್ನಾದರೆ ಚೀಲದಲ್ಲಿ ಮುಚ್ಚಿಡಬಹುದು. ಸೊಂಟದಲ್ಲಿ ಹಗಲು ರಾತ್ರಿ ಕೂತದ್ದನ್ನು ಎಷ್ಟು ದಿನ ಮೊಬೈಲು ಎನ್ನುವುದು?

ಅನ್ನ ಬಂತು. ಯಶಸ್ವಿ ಚೀಲದೊಳಗೆ ಕೈ ಹಾಕಿದಳು, ಸುತ್ತ ನೋಡಿದಳು, ಏಳಲು ಹೊರಟಳು.

“ಎಲೆಯಿಂದ ಏಳ್ತಾರಾ ಮಗಾ? ಕೂತ್ಕೊ, ಕೂತ್ಕೊ,” ಎಂದರು ಪೂವಮ್ಮ.

ಅವಳು ಕೂತಳು. ಚೀಲದೊಳಗಿಂದ ಬರಿಗೈ ಹೊರಗೆ ಬಂತು. ನನಗೆ ಮಧ್ಯಾಹ್ನದ ಗುಡ್ಡಗಳ ಅರ್ಥವಾಯಿತು. ಆ ಮದುವೆಯ ನಂತರ, ಕಾಲೇಜಿನಲ್ಲಾಗಲಿ ಸಮಾರಂಭದಲ್ಲಾಗಲಿ, ಜನರ ನಡುವೆ ಅವಳು ಊಟಕ್ಕೆ ಮೊದಲು ತಗೊಳ್ಳುತ್ತಲೇ ಇರಲಿಲ್ಲ. ಉಂಡು, ಕೈ ತೊಳೆದು, ಯಾವುದೋ ಗೋಡೆಯ ಹಿಂದೆ ಹೋಗಿ ತಗೊಳ್ಳುತ್ತಿದ್ದಳು. ಅಷ್ಟರಲ್ಲಿ ಸಕ್ಕರೆ ಗುಡ್ಡ ಹತ್ತಿಯಾಗಿರುತ್ತಿತ್ತು.

ಗೋವಿಂದ ಹೇಳಬೇಕಾದವರು ನಮ್ಮ ಎದುರಿನ ಸಾಲಿನಲ್ಲೇ ಇದ್ದ ಮೇದಪ್ಪಜ್ಜ, ಹೇಮಶ್ರೀಯ ದೊಡ್ಡಪ್ಪ. ಆ ಕುಟುಂಬದಲ್ಲಿ ಗೋವಿಂದ ಎಂದರೆ ಅವರದ್ದೇ. ಅವರದ್ದೊಂದು ಕ್ರಮ ಇತ್ತು. ಕಣ್ಣು ಮುಚ್ಚಿ, ಮುಷ್ಟಿಯನ್ನು ಬಾಯಿಯ ಹತ್ತಿರ ತಂದು, ಒಂದು ಗುಟುಕು ನೀರು ಕುಡಿದು, ಸ್ವಲ್ಪ ಹೊತ್ತು ಸುಮ್ಮನಿದ್ದು ಆಮೇಲೆ ಗೋವಿಂದ. ‘ಮೇದಪ್ಪಜ್ಜನ ಹಾಗೆ ದೇವರನ್ನು ನೆನೆದು ಉಣ್ಣಬೇಕು’ ಎಂದು ಮಕ್ಕಳಿಗೆ ಹೇಳಿಕೊಡುತ್ತಿದ್ದೆವು. ಕೆಲವು ಮಕ್ಕಳು ಮುಷ್ಟಿ ಹಿಡಿದು ಹಾಗೇ ಮಾಡುತ್ತಲೂ ಇದ್ದವು.

ಆ ದಿನ ಅಜ್ಜ ಕಣ್ಣು ಮುಚ್ಚಲಿಲ್ಲ. ಯಶಸ್ವಿಯನ್ನೇ ನೋಡುತ್ತಿದ್ದರು. ಅವಳಿಗೆ ಶುಗರ್ ಇರುವುದು ಅಲ್ಲಿ ಹತ್ತಿರದವರಿಗೆಲ್ಲ ಗೊತ್ತಿತ್ತು. ಹೆಣ್ಣುಮಗಳಲ್ಲವೇ ಎಂದು ಯಾರೂ ಬಾಯಿಬಿಟ್ಟು ಆಡುತ್ತಿರಲಿಲ್ಲ, ಅಷ್ಟೆ.

“ಗೋವಿಂದ ಎಲ್ಲಿಗೆ ಮುಟ್ಟಿತು ಮಾರಾಯ್ರೆ? ಸಾರು ತಣ್ಣಗಾಯ್ತು,” ಎಂದು ಆ ತುದಿಯಿಂದ ಯಾರೋ ಕೂಗಿದರು. ನಗು ಎದ್ದಿತು.

“ನಿಲ್ಲು ಮಾರಾಯ, ನನ್ನ ಗುಳಿಗೆ ಆಗ್ಲಿಲ್ಲ.” ಅಜ್ಜ ಅಂಗಿಯ ಕಿಸೆಯಿಂದ ಮಾತ್ರೆಯ ಪಟ್ಟಿ ತೆಗೆದು ಎಲ್ಲರಿಗೂ ಕಾಣುವ ಹಾಗೆ ಎತ್ತಿ ಹಿಡಿದರು. “ಶುಗರಿಂದು. ಊಟಕ್ಕೆ ಮೊದಲು ಹೋಗ್ಬೇಕು ಇದು.”

“ನಿಮಗೂ ಉಂಟಾ ಅಜ್ಜ?” ಪೂವಮ್ಮ ಬಾಯಿ ತೆರೆದರು. “ಯಾವಾಗಿಂದ?”

“ಯಾವಾಗಿಂದ ನಾನು ದೇವರನ್ನು ನೆನೀತೇನೆ ಅಂತ ನೀವೆಲ್ಲ ಹೇಳ್ತೀರಿ, ಆವಾಗಿಂದ.”

ಒಂದು ಕ್ಷಣ ಯಾರಿಗೂ ತಿಳಿಯಲಿಲ್ಲ. ಆಮೇಲೆ ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಉದಯ ನಗುತ್ತಾ ಸಾರಿನ ಬಕೆಟನ್ನು ಕೆಳಗಿಟ್ಟ. ಆ ಮುಷ್ಟಿಯಲ್ಲಿ ಇದ್ದದ್ದು ಪ್ರಾರ್ಥನೆಯಲ್ಲ, ಮಾತ್ರೆ! ತಮ್ಮ ಮಾತ್ರೆ ಗಂಟಲಿಳಿಯುವವರೆಗೆ ಇಷ್ಟು ವರ್ಷ ಊರಿಗೆ ಊರನ್ನೇ ಕಾಯಿಸಿದ್ದರು ಮುದುಕರು.

“ನಗಾಡಿ, ನಗಾಡಿ,” ಎಂದು ಮಾತ್ರೆ ನುಂಗಿ ನೀರು ಕುಡಿದರು. ಮತ್ತೆ ದನಿ ತಗ್ಗಿಸಿ, “ನಿಂದೂ ಉಂಟಲ್ಲ ಮಗಾ? ಮಾಡಿ ಮುಗಿಸು. ನೀನು ಆಯ್ತು ಅಂದ ಮೇಲೆ ನಾನು ಹೇಳುದು. ಏ ಉದಯ, ಇನ್ನೊಂದು ಸುತ್ತು ಪಲ್ಯ ಬರ್ಲಿ ಅಷ್ಟರಲ್ಲಿ.”

ಯಶಸ್ವಿ ನನ್ನನ್ನು ನೋಡಿದಳು. ನಾನು ಚೀಲವನ್ನು ಅವಳ ಹತ್ತಿರ ಸರಿಸಿದೆ. ಅವಳು ಪೆನ್ನು ತೆಗೆದಳು. ಚೂಡಿದಾರದ ತೋಳು ಬಿಗಿಯಾಗಿತ್ತು, ಮೇಲೆ ನಿಲ್ಲುತ್ತಿರಲಿಲ್ಲ. ಮೊಬೈಲಿನ ಮಾತೆತ್ತಿದ್ದ ಅದೇ ಪೂವಮ್ಮ ಕೈ ಚಾಚಿ ತೋಳನ್ನು ಮೇಲೆ ಹಿಡಿದರು. “ನೋವಾಗ್ತದಾ?” ಎಂದು ಪಿಸುಗುಟ್ಟಿದರು.

“ಇಲ್ಲ ಆಂಟೀ. ಮತ್ತೆ, ಅದು ಮೊಬೈಲಲ್ಲ, ಇನ್ಸುಲಿನ್ ಪಂಪು. ಪರೀಕ್ಷೆಗೆ ಕೊಟ್ಟದ್ದು.”

“ಪಂಪಾ?” ಮೇದಪ್ಪಜ್ಜನಿಗೆ ಕೇಳಿಸಿತು. “ಎಷ್ಟು ಎಚ್‌ಪಿಯದ್ದು ಮಗಾ?”

ಅವಳು ನಕ್ಕಳು. ಊಟದ ಪಂಕ್ತಿಯಲ್ಲಿ ಅವಳು ಹಾಗೆ ನಕ್ಕದ್ದನ್ನು ನಾನು ನೋಡದೆ ತುಂಬ ಕಾಲವಾಗಿತ್ತು. “ಆಯ್ತು ಅಜ್ಜ,” ಎಂದಳು.

“ಗೋವಿಂದಾ...” ಎಂದು ಅಜ್ಜ ಎಳೆದರು.

ಬರುವಾಗ ಕಾರಿನಲ್ಲಿ ಹೇಮಶ್ರೀ ಮಗಳ ಪಕ್ಕದಲ್ಲೇ ಕೂತಳು. ಕಡಬ ದಾಟಿದ ಮೇಲೆ, “ನೀನು ಏಳದೆ ಕೂತಲ್ಲೇ ಬಟನ್ ಒತ್ತಿ ಉಣ್ಲಿ ಅಂತ ನಾನು ಪಂಪು ಪಂಪು ಹೇಳಿದ್ದು,” ಎಂದಳು.

“ಗೊತ್ತಮ್ಮ. ಆದರೆ ಗೋವಿಂದ ಯಾವಾಗ ಬರ್ತದೆ ಅಂತ ಪಂಪಿಗೂ ಗೊತ್ತಿಲ್ಲ. ಮೊದಲೇ ಒತ್ತಿದರೆ ಅದೇ ಕಥೆ.”

“ಹಾಗಾದರೆ?”

“ಯೋಚನೆ ಮಾಡ್ತೇನೆ.”

ನಿಜವಾಗಿಯೂ ಯೋಚನೆ ಮಾಡಿದಳು. ಉಳಿದ ದಿನಗಳಲ್ಲಿ ಶಾಲು ಇಳಿಬಿಡದೆ ಯಂತ್ರವನ್ನು ಸೊಂಟದ ಮೇಲೆಯೇ ಕಾಣುವಂತೆ ಸಿಕ್ಕಿಸಿಕೊಂಡು ಸುಳ್ಯದ ಪೇಟೆಗೆ ಹೋಗಿ ಬಂದಳು. ಕೇಳಿದವರಿಗೆ ಹೇಳಿದಳು. “ನಾಚಿಕೆಯಿಂದ ಬೇಡ ಅನ್ನುವುದೋ, ನಿಜವಾಗಿಯೂ ಬೇಡವೋ ಅಂತ ನನಗೇ ಗೊತ್ತಾಗಬೇಕಲ್ಲ ಅಜ್ಜಿ,” ಎಂದು ನನಗೆ ಹೇಳಿದಳು. ಆ ವಯಸ್ಸಿನಲ್ಲಿ ನನಗೆ ಅಷ್ಟು ಬುದ್ಧಿ ಇರಲಿಲ್ಲ.

ಪುತ್ತೂರಿಗೆ ಮತ್ತೆ ಹೋದಾಗ ಡಾಕ್ಟರು ಕುರ್ಚಿಯನ್ನು ಅವಳ ಕಡೆಗೆ ತಿರುಗಿಸಿದರು.

“ಪೆನ್ನು ಸಾಕು ಡಾಕ್ಟ್ರೇ, ಸದ್ಯಕ್ಕೆ,” ಎಂದಳು ಯಶಸ್ವಿ. “ಪಂಪು ಕೆಟ್ಟದ್ದು ಅಂತ ಅಲ್ಲ. ನನಗೆ ಮೈಮೇಲೆ ಏನೂ ಇಲ್ಲದೆ ಮಲಗುದು ಇಷ್ಟ. ಮತ್ತೆ... ಮೊನ್ನೆ ಕೇಳಿದಿರಲ್ಲ, ನಾನು ಮೊದಲು ತಗೊಳ್ತಾ ಇರ್ಲಿಲ್ಲ. ಉಂಡ ಮೇಲೆ ತಗೊಳ್ತಿದ್ದೆ. ಇನ್ನು ಎಲ್ಲರ ಎದುರಿಗೇ ತಗೊಳ್ತೇನೆ.” ಇಚಿಲಂಪಾಡಿಯ ಕಥೆಯನ್ನೆಲ್ಲ ಹೇಳಿದಳು.

ಡಾಕ್ಟರ್ ರಿಝ್ವಾನಾ ನಕ್ಕು ನಕ್ಕು ಕನ್ನಡಕ ತೆಗೆದರು. “ನಮ್ಮಲ್ಲಿ ಉಣ್ಣುವ ಮೊದಲು ಅವರವರ ಬಿಸ್ಮಿ ಅವರವರೇ ಹೇಳುದು, ಈ ಕಷ್ಟ ಇಲ್ಲ. ಸರಿ, ಪೆನ್ನು. ಗುಡ್ಡ ಇಳೀತದಾ ಅಂತ ಮೂರು ತಿಂಗಳು ನೋಡುವ. ಇಳಿಯದಿದ್ದರೆ ಪುನಃ ಪಂಪಿನ ಮಾತು ತೆಗೀತೇನೆ, ಆಗ್ಬಹುದಾ?”

“ಆಗ್ಬಹುದು.”

“ರಾತ್ರಿ ಸಕ್ಕರೆ ತೀರಾ ಇಳಿದರೆ?” ಎಂದಳು ಹೇಮಶ್ರೀ. ತಾಯಿಯ ಹೆದರಿಕೆ ಒಂದು ಊಟದಲ್ಲಿ ಹೋಗುವಂಥದ್ದಲ್ಲ.

“ತೋಳಿನ ಸೆನ್ಸರ್ ಇರ್ತದಲ್ಲ. ಅವಳ ಮೊಬೈಲಿಗೂ ನಿಮ್ಮ ಮೊಬೈಲಿಗೂ ಬೊಬ್ಬೆ ಹಾಕುವ ಹಾಗೆ ಮಾಡಿ ಕೊಡ್ತೇನೆ. ಹಾಸ್ಟೆಲಿನ ವಾರ್ಡನ್ನಿಗೂ ಹೇಳಿ.”

“ವಾರ್ಡನ್ನಿಗೆ ನಾನೇ ಹೇಳ್ತೇನೆ,” ಎಂದಳು ಯಶಸ್ವಿ. “ರೂಮಿನವರಿಗೂ.” ಯಂತ್ರವನ್ನು ಬಿಚ್ಚಿ, ನಳಿಗೆಯನ್ನು ಅಂದವಾಗಿ ಸುತ್ತಿ ಮೇಜಿನ ಮೇಲಿಟ್ಟಳು.

ಹೊರಗೆ ಬಂದಾಗ ಹಸಿವಾಗಿತ್ತು. ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಹೋಟೆಲಿಗೆ ಹೋದೆವು. ಊಟ ತಂದಿಟ್ಟರು. ಯಶಸ್ವಿ ಉಪ್ಪಿನ ಡಬ್ಬಿಯ ಪಕ್ಕದಲ್ಲಿ ಪೆನ್ನಿಟ್ಟುಕೊಂಡು ಸೂಜಿ ಸಿಕ್ಕಿಸತೊಡಗಿದಳು. ಹೇಮಶ್ರೀಯ ಕೈ ಬಟ್ಟಲಿನ ಹತ್ತಿರ ಹೋದದ್ದು ಹಿಂದೆ ಬಂತು. ನಾನೂ ಕೈ ಮಡಚಿ ಕೂತೆ.

ಸಪ್ಲೈಯರಿಗೆ ಗಾಬರಿ. “ಎಂತಾಯ್ತು ಅಮ್ಮ? ಊಟ ಸರಿ ಇಲ್ವಾ?”

“ಸರಿ ಉಂಟು, ಸರಿ ಉಂಟು,” ಎಂದಳು ಹೇಮಶ್ರೀ. “ಗೋವಿಂದ ಆಗ್ಲಿಲ್ಲ, ಅಷ್ಟೆ.”