ಅರವತ್ತಾರು ತಲೆಕೆಳಗಾದರೆ

ನಾನು ಒಂದು ರೈಫಲ್ಲು. ಹಳಬರು ತ್ರೀ ನಾಟ್ ತ್ರೀ ಎಂದು ಕರೆಯುವ ಜಾತಿ. ಹೊಟ್ಟೆಯಲ್ಲಿ ಕಿಚ್ಚು ಇಟ್ಟುಕೊಳ್ಳುವುದೇ ನನ್ನ ಕಸುಬು. ಹಾಗಾಗಿ ನನಗೆ ಹೊಟ್ಟೆಕಿಚ್ಚು ಜಾಸ್ತಿ ಎಂದು ಯಾರಾದರೂ ದೂರಿದರೆ ನಾನು ಬೇಸರ ಮಾಡಿಕೊಳ್ಳುವುದಿಲ್ಲ. ಒಲೆಯನ್ನು ಬಿಸಿ ಎಂದು ಬೈಯುವವರುಂಟೇ?

ಹುಟ್ಟಿದ್ದು ಬಂಗಾಳದ ಕಡೆಯ ಸರ್ಕಾರಿ ಕಾರ್ಖಾನೆಯಲ್ಲಿ, ಸ್ವಾತಂತ್ರ್ಯ ಬಂದ ಎರಡನೇ ವರ್ಷ. ಉಕ್ಕಿನ ಸಲಾಕೆ ಕೊರೆದು ನಳಿಗೆ ಮಾಡಿದರು. ಗುಂಡು ಬುಗುರಿಯಂತೆ ತಿರುಗುತ್ತಾ ನೆಟ್ಟಗೆ ಹೋಗಲಿ ಎಂದು ಅದರೊಳಗೆ ಐದು ಸುರುಳಿ ಗೆರೆ ಕೆತ್ತಿದರು. ಮರದ ಮೈ ತೊಡಿಸಿದರು. ಕೊನೆಗೆ ಒಬ್ಬ ಮುದುಕ ಮಿಸ್ತ್ರಿ ನನ್ನ ಬೋಲ್ಟನ್ನು ಅರದಿಂದ ಉಜ್ಜಿ ಉಜ್ಜಿ ಕೂರಿಸಿದ. ತೋಟಾವನ್ನು ಒಳಗೆ ತಳ್ಳಿ, ಬಾಗಿಲು ಹಾಕಿ, ಒಳಗಿನ ಮೊಳೆಯಿಂದ ಅದರ ಬೆನ್ನಿಗೆ ಗುದ್ದುವುದು ಈ ಬೋಲ್ಟೇ. ಒಬ್ಬರ ಹಲ್ಲುಸೆಟ್ಟು ಇನ್ನೊಬ್ಬರ ಬಾಯಿಗೆ ಕೂರುವುದಿಲ್ಲ ನೋಡಿ, ನಮ್ಮಲ್ಲೂ ಹಾಗೆಯೇ. ಅವರವರ ಬೋಲ್ಟು ಅವರವರಿಗೆ.

ಕೆಲವು ವರ್ಷ ಸೈನ್ಯದ ಉಗ್ರಾಣದಲ್ಲಿ ಗ್ರೀಸು ಮೆತ್ತಿಕೊಂಡು ಮಲಗಿದ್ದೆ. ಗಡಿ ಕಾಯಲು ಹೊರಟವರು ನನ್ನ ಪಕ್ಕದಿಂದಲೇ ಹೊರಟರು, ನನ್ನನ್ನು ಯಾರೂ ಎತ್ತಲಿಲ್ಲ. ಮೈಸೂರು ರಾಜ್ಯ ದೊಡ್ಡದಾದ ಹೊಸದರಲ್ಲಿ ನಮ್ಮಲ್ಲಿ ನೂರು ಮಂದಿಯನ್ನು ಉತ್ತರದ ಒಂದು ಜಿಲ್ಲೆಯ ಸಶಸ್ತ್ರ ಪೊಲೀಸ್ ಪಡೆಗೆ ಕಳಿಸಿದರು. ಅಲ್ಲಿ ಒಬ್ಬೊಬ್ಬರಿಗೂ ಒಂದು ನಂಬರು ಬಿತ್ತು. ಬಟ್ಟಿನ, ಎಂದರೆ ಹೆಗಲಿಗೆ ಆನಿಸುವ ಮರದ ಬುಡದ, ಮೇಲೆ ಹಿತ್ತಾಳೆ ಬಿಲ್ಲೆ, ಬೋಲ್ಟಿನ ಮೇಲೆ ಅದೇ ನಂಬರಿನ ಠಸ್ಸೆ, ಎರಡೂ ಇಂಗ್ಲಿಷ್ ಅಂಕಿಯಲ್ಲಿ. ನಾನು ಅರವತ್ತಾರು. ಸಾಲಿನ ಕೊನೆಯಿಂದ ಎರಡನೆಯವನು ತೊಂಬತ್ತೊಂಬತ್ತು.

ಬೋಲ್ಟನ್ನು ಹೊರಗೆ ತೆಗೆದು ತಿರುಗಿಸಿ ಹಿಡಿದರೆ ನಾನೇ ಅವನು, ಅವನೇ ನಾನು. ಅದಕ್ಕೇ ಇರಬೇಕು, ನೂರು ಮಂದಿಯಲ್ಲಿ ಅವನೊಬ್ಬನ ಮೇಲೆ ನನ್ನ ಕಣ್ಣು ಬಿದ್ದದ್ದು.

ಮೊದಲ ಸಲ ಚಾಂದಮಾರಿಗೆ, ಎಂದರೆ ಗುಂಡು ಹಾರಿಸಿ ಗುರಿ ನೋಡುವ ಮೈದಾನಕ್ಕೆ, ಇಬ್ಬರೂ ಹೋದೆವು. ಅವನ ಐದು ಗುಂಡೂ ನಡುಚುಕ್ಕೆಯಲ್ಲಿ ಬಿದ್ದವು. ನನ್ನ ಐದೂ ಒಂದು ಗೇಣು ಎಡಕ್ಕೆ. ತುದಿಯ ಗುರಿಮೊಳೆಯನ್ನು ಒಂದು ಕೂದಲೆಳೆ ಸರಿಸಿದ್ದರೆ ನಾನೂ ನೆಟ್ಟಗಾಗುತ್ತಿದ್ದೆ. ಸರಿಸಲು ಯಾರಿಗೂ ಪುರಸೊತ್ತಿರಲಿಲ್ಲ. ಅಂದಿನಿಂದ ವರ್ಷವರ್ಷವೂ ಅವನು ಚಾಂದಮಾರಿಗೆ ಹೋಗಿ ಬಹುಮಾನದ ಬೆಳ್ಳಿ ಕಪ್ಪು ತಂದ. ನನ್ನನ್ನು ಕುಶಾಲತೋಪಿನ ತಂಡಕ್ಕೆ ಹಾಕಿದರು.

ಕುಶಾಲತೋಪು! ಹೆಸರು ಇಟ್ಟವರಿಗೆ ಏನು ಕುಶಾಲು ಕಂಡಿತೋ ದೇವರೇ ಬಲ್ಲ. ಯಾರೋ ದೊಡ್ಡವರು ತೀರಿಕೊಂಡಿರುತ್ತಾರೆ, ಮನೆಯವರು ಎದೆ ಬಡಿದುಕೊಂಡು ಅಳುತ್ತಿರುತ್ತಾರೆ, ನಾವು ಸಾಲಾಗಿ ನಿಂತು ಗುಂಡಿಲ್ಲದ ಖಾಲಿ ತೋಟಾ ಮೂರು ಸಲ ಆಕಾಶಕ್ಕೆ ಹೊಡೆಯಬೇಕು. ಕಾಗೆಗಳು ಹಾರುತ್ತವೆ, ಮಕ್ಕಳು ಕಿವಿ ಮುಚ್ಚಿಕೊಳ್ಳುತ್ತವೆ, ಅಷ್ಟೇ. ಐವತ್ತು ವರ್ಷ ನಾನು ಮಾಡಿದ್ದು ಇದೇ. ತೊಂಬತ್ತೊಂಬತ್ತಕ್ಕೆ ಬೆಳ್ಳಿ ಕಪ್ಪು, ನನಗೆ ಹೂವಿನ ಹಾರದ ಮೇಲಿಂದ ಉದುರಿದ ನಾಲ್ಕು ಎಸಳು.

ನಮ್ಮನ್ನು ನೋಡಿಕೊಳ್ಳುತ್ತಿದ್ದವರು ಆರ್ಮರರ್ ಹೆಡ್ ಕಾನ್‌ಸ್ಟೆಬಲ್ ಮೌನೇಶಪ್ಪ ಬಡಿಗೇರ. ಅವರ ಕೈ ನನಗೆ ಗೊತ್ತು. ಹಗ್ಗದ ತುದಿಗೆ ಚಿಂದಿ ಬಟ್ಟೆ ಸಿಕ್ಕಿಸಿ ನಳಿಗೆಯೊಳಗಿಂದ ಎಳೆಯುವಾಗ, ಮಗುವಿನ ಕಿವಿ ಒರೆಸುವಷ್ಟು ಮೆತ್ತಗೆ ಎಳೆಯುತ್ತಿದ್ದರು. ಆದರೆ ಎಣ್ಣೆ ಹಚ್ಚುವಾಗ ಮೊದಲು ಎತ್ತುತ್ತಿದ್ದುದು ತೊಂಬತ್ತೊಂಬತ್ತನ್ನು. ನನ್ನ ಸರದಿ ಬರುವ ಹೊತ್ತಿಗೆ ಚಿಂದಿ ಕಪ್ಪಾಗಿರುತ್ತಿತ್ತು. ಅವನ ಎಂಜಲು ಎಣ್ಣೆಯಲ್ಲೇ ನಾನು ಬಾಳಿದೆ. ಎರಡು ಬೋಲ್ಟುಗಳೂ ಅದಲುಬದಲಾಗಬಾರದೆಂದು ಅವರು ನನ್ನ ನಂಬರಿನ ಕೆಳಗೆ ಒಂದು ಅಡಿಗೆರೆ ಕೊರೆದಿದ್ದರು. ಒರೆಸಿ ಒರೆಸಿ ಆ ಗೆರೆ ವರ್ಷಗಳ ಹಿಂದೆಯೇ ಸವೆದು ಮಸುಕಾಗಿತ್ತು. ಅವರ ಕಣ್ಣೂ ಅಷ್ಟೇ.

ಹೊಸ ಕಾಲದ ರೈಫಲ್ಲುಗಳು ಬಂದವು. ಒಂದರ ಹಿಂದೊಂದು ತಾವೇ ತೋಟಾ ತುಂಬಿಕೊಳ್ಳುವವು, ಪ್ಲಾಸ್ಟಿಕ್ಕಿನ ಮೈಯವು. ಅವುಗಳ ಮೇಲೂ ನಾನು ಹೊಟ್ಟೆ ಉರಿಸಿಕೊಂಡೆ, ಸುಳ್ಳೇಕೆ ಹೇಳಲಿ. ಆದರೆ ಅದು ಪಕ್ಕದ ಊರಿನವರ ಮೇಲಿನ ಉರಿಯಷ್ಟೇ. ಮನೆಯವನ ಮೇಲಿನದೇ ನಿಜವಾದದ್ದು.

ಒಂದು ಸೋಮವಾರ ಬೆಳಿಗ್ಗೆ, ಪಕ್ಕದ ತಾಲೂಕಿನ ಸ್ವಾತಂತ್ರ್ಯ ಹೋರಾಟಗಾರ ಅಜ್ಜರೊಬ್ಬರು ತೀರಿಕೊಂಡ ಸುದ್ದಿ ಬಂತು. ಹಿಂದಿನ ದಿನ ಮಳೆಯಲ್ಲಿ ಪರೇಡು ನಡೆದಿತ್ತು. ಎಲ್ಲರ ಬೋಲ್ಟುಗಳೂ ಸೀಮೆಎಣ್ಣೆಯ ತಟ್ಟೆಯಲ್ಲಿ ನೆನೆಯುತ್ತಿದ್ದವು. ಕುಶಾಲತೋಪಿನ ತಂಡದಲ್ಲಿ ಒಂದು ರೈಫಲ್ಲು ಕೆಟ್ಟಿದ್ದರಿಂದ ಅದರ ಬದಲಿಗೆ ತೊಂಬತ್ತೊಂಬತ್ತನ್ನು ಇಳಿಸಿದರು. ನನ್ನ ಮೈಯೆಲ್ಲ ಉರಿಯಿತು. ಚಾಂದಮಾರಿ ಅವನದು, ಕಪ್ಪು ಅವನದು. ಸಾವಾದರೂ ನನ್ನ ಪಾಲಿಗಿದೆ ಎಂದುಕೊಂಡಿದ್ದೆ, ಅದಕ್ಕೂ ಬಂದನೇ!

ಹೊರಗೆ ವ್ಯಾನು ಹಾರ್ನು ಹೊಡೆಯುತ್ತಿತ್ತು. ಮೌನೇಶಪ್ಪನವರು ಅವಸರದಲ್ಲಿ ತಟ್ಟೆಯಿಂದ ಒಂದು ಬೋಲ್ಟು ತೆಗೆದರು, 66 ಎಂದು ಓದಿದರು, ನನ್ನೊಳಗೆ ತಳ್ಳಿದರು.

ಅದು ನನ್ನದಲ್ಲ ಎಂದು ಮುಟ್ಟಿದ ಕೂಡಲೇ ನನಗೆ ಗೊತ್ತಾಯಿತು. ಅದು ಅವನದು.

ನಾನು ಆಗ ಬಿಗಿ ಹಿಡಿಯಬಹುದಿತ್ತು. ನಮಗೆ ಬಾಯಿಲ್ಲ, ಬಿಗಿ ಹಿಡಿಯುವುದೇ ನಮ್ಮ ಮಾತು. ಸ್ವಲ್ಪ ತಡವರಿಸಿದ್ದರೂ ಮೌನೇಶಪ್ಪನವರ ಕೈಗೆ ತಿಳಿಯುತ್ತಿತ್ತು. ಆದರೆ ಬೆಳ್ಳಿ ಕಪ್ಪು ತಂದ ಆ ಬೋಲ್ಟು ನನ್ನ ಎದೆಯೊಳಗೆ ಕೂತಿತ್ತು. ನಾನು ಬೆಣ್ಣೆಯಂತೆ ನುಂಗಿಕೊಂಡೆ.

ಅಜ್ಜರ ಊರಿನಲ್ಲಿ ಸಾವಿರ ಜನ, ಟಿ.ವಿ.ಯವರ ಕ್ಯಾಮರಾ. ತೊಂಬತ್ತೊಂಬತ್ತನ್ನು ಹಿಡಿದಿದ್ದವನು ಕಾನ್‌ಸ್ಟೆಬಲ್ ಲಾಲಸಾಬ ನದಾಫ್. ವಯೋಮಿತಿ ಮುಗಿಯುವ ವರ್ಷ ಹೇಗೋ ನೌಕರಿ ಹಿಡಿದ ಎರಡು ಮಕ್ಕಳ ತಂದೆ, ಪ್ರೊಬೇಷನ್ ಇನ್ನೂ ಮುಗಿದಿರಲಿಲ್ಲ. ಹುಕುಂ ಬಿತ್ತು. ನಾನು ಗುಡುಗಿದೆ. ನನ್ನ ಜನ್ಮದಲ್ಲೇ ಅಂಥ ಸದ್ದು ಮಾಡಿರಲಿಲ್ಲ. ಪಕ್ಕದಲ್ಲಿ ಕೇಳಿಸಿದ್ದು ಬರೀ 'ಟಕ್'. ಎರಡನೇ ಸಲವೂ ಟಕ್. ಮೂರನೆಯದೂ ಟಕ್. ಜನರಲ್ಲಿ ಯಾರೋ ಕಿಸಕ್ಕೆಂದರು. ಸತ್ತವರ ಮಗಳು ತಲೆ ತಗ್ಗಿಸಿದರು.

ಅವನೊಳಗೆ ಹೋಗಿದ್ದ ನನ್ನ ಬೋಲ್ಟಿನ ಮೊಳೆ ಸವೆದು ಮೋಟಾಗಿತ್ತು. ನನ್ನ ಮೈಗೆ ಅದು ಸರಿಹೋಗುತ್ತಿತ್ತು, ಅವನ ಮೈಯಲ್ಲಿ ತೋಟಾದ ಬೆನ್ನಿಗೆ ಸರಿಯಾಗಿ ಮುಟ್ಟುತ್ತಿರಲಿಲ್ಲ. ಇದು ನನಗೊಬ್ಬನಿಗೇ ಗೊತ್ತಿತ್ತು. ನನಗೆ ಖುಷಿಯಾಯಿತು. ದಾರಿಯುದ್ದಕ್ಕೂ ವ್ಯಾನಿನಲ್ಲಿ ಅವನನ್ನು ಓರೆಗಣ್ಣಿನಲ್ಲಿ ನೋಡುತ್ತಾ ಬಂದೆ.

ಮೂರನೆಯ ದಿನ ಲಾಲಸಾಬನ ವಿಚಾರಣೆ. ರಿಸರ್ವ್ ಇನ್‌ಸ್ಪೆಕ್ಟರು ಹಾಸನದ ಕಡೆಯವರು. ತೊಂಬತ್ತೊಂಬತ್ತಕ್ಕೆ ಖಾಲಿ ತೋಟಾ ಹಾಕಿಸಿ ಹೊಡೆಸಿದರು. ಹಾಳಾದ ಮೋಟುಮೊಳೆ, ಅವತ್ತು ಹೇಗೋ ತಾಗಿ ಢಮ್ ಎಂದಿತು.

"ನೋಡ್ರೀ, ಬಂದೂಕು ಚೆನ್ನಾಗೇ ಐತೆ," ಎಂದರು ಇನ್‌ಸ್ಪೆಕ್ಟರು. "ಅವತ್ತು ನೀವು ನೋಡಿ ಕಳಿಸಿದ್ರಾ ಮೌನೇಶಪ್ಪ?"

"ನೋಡೀನ್ರಿ ಸಾಹೇಬ್ರ. ನನ್ನ ಕೈಲೇ ಬೋಲ್ಟ್ ಹಾಕೀನಿ."

"ಹಂಗಾದ್ರೆ ಇವನೇ ಬೋಲ್ಟ್ ಪೂರ್ತಿ ಮುಚ್ಚಿಲ್ಲ. ನಾಳೆ ರಿಪೋರ್ಟ್ ಹಾಕ್ತೀನಿ. ಇಂಥೋನು ಪೊಲೀಸಿಗೆ ಯಾಕೆ?"

ಲಾಲಸಾಬ ಆ ಸಂಜೆ ಶಸ್ತ್ರಾಗಾರದ ಕಟ್ಟೆಯ ಮೇಲೆ ಬಂದು ಕೂತ. "ಕಾಕಾ, ನಾ ಬಿಗಿ ಮುಚ್ಚಿದ್ದೆರಿ. ನನ್ನ ಮಕ್ಕಳಾಣಿ. ಮನ್ಯಾಗ ಇನ್ನೂ ಹೇಳಿಲ್ಲ. ನಿಮಗರೆ ನಂಬಿಕಿ ಐತಿಲ್ಲ?"

ಮೌನೇಶಪ್ಪನವರು ಎಣ್ಣೆಯ ಡಬ್ಬಿಯನ್ನು ಪಕ್ಕಕ್ಕಿಟ್ಟರು. "ನಂಬಿಕಿ ಐತಿ ತಮ್ಮಾ. ಆದ್ರ ಬಂದೂಕ್ ಸುಳ್ಳ ಹೇಳೂದಿಲ್ಲಲ್ಲ," ಎಂದರು. ಅವನು ಎದ್ದು ಹೋದ.

ಬಂದೂಕು ಸುಳ್ಳು ಹೇಳುವುದಿಲ್ಲವಂತೆ. ಆ ಮಾತು ನನಗೆ ನೆಟ್ಟಗೆ ನಾಟಿತು. ನನ್ನ ಸಿಟ್ಟು ತೊಂಬತ್ತೊಂಬತ್ತರ ಮೇಲೆ. ಲಾಲಸಾಬ ನನಗೇನು ಮಾಡಿದ್ದ? ಅತ್ತೆಯ ಮೇಲಿನ ಕೋಪ ಕೊತ್ತಿಯ ಮೇಲೆ ತೀರಿಸಿದಂತಾಗಿತ್ತು.

ಮೌನೇಶಪ್ಪನವರು ಒರೆಸಲೆಂದು ನನ್ನನ್ನು ಮೇಜಿನ ಮೇಲೆ ಮಲಗಿಸಿ ಬೋಲ್ಟಿನ ಹಿಡಿಗೆ ಕೈ ಹಾಕಿದರು. ನಾನು ಬಿಗಿ ಹಿಡಿದೆ. ಅವರು ಎಣ್ಣೆ ಬಿಟ್ಟರು. ನಾನು ಬಿಡಲಿಲ್ಲ. ಅಂಗೈಯಿಂದ ಬಡಿದರು. ಬಿಡಲಿಲ್ಲ. "ಏನಾತೋ ನಿನಗ? ಮೂವತ್ನಾಕು ವರ್ಷದಾಗ ಹಿಂಗ ಹಟ ಮಾಡಿಲ್ಲ," ಎಂದರು. ಅವರ ಕೈ ನಿಂತಿತು. ಚಷ್ಮಾ ಒರೆಸಿಕೊಂಡು, ದೀಪದ ಕೆಳಗೆ ಬಾಗಿ, ನಂಬರನ್ನು ಬೆರಳಿನಿಂದ ಸವರಿದರು. ಉಗುರಿಗೆ ಅಡಿಗೆರೆಯ ಕಲೆಯೂ ಸಿಗಲಿಲ್ಲ. ಎದ್ದು ಹೋಗಿ ತೊಂಬತ್ತೊಂಬತ್ತರ ಬೋಲ್ಟು ತಂದು ಸವರಿದರು. ಅಂಕಿಯ ತಲೆಯ ಮೇಲೆ ಕೂದಲಿನಷ್ಟು ಗೆರೆ ಉಳಿದಿತ್ತು. ತಿರುಗಿಸಿ ಹಿಡಿದರು. ಅದು ನನ್ನ ಅಡಿಗೆರೆ.

"ಅಯ್ಯೋ ನಮ್ಮಪ್ಪಾ, ತೆಲಿಕೆಳಗ ಓದಿದ್ನೆಲ್ಲೋ!"

ಅಲ್ಲಿ ಬೇರೆ ಯಾರೂ ಇರಲಿಲ್ಲ. ಬೋಲ್ಟುಗಳನ್ನು ಅದಲುಬದಲು ಮಾಡಿ ಬೀಗ ಹಾಕಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಅವರ ನಿವೃತ್ತಿಗೆ ಉಳಿದದ್ದು ಮೂರು ತಿಂಗಳು, ದಾಖಲೆಯಲ್ಲಿ ಒಂದು ಕಪ್ಪುಚುಕ್ಕೆಯಿಲ್ಲ. ಅವರು ಮತ್ತೆ ನನ್ನ ಬೋಲ್ಟಿನ ಹಿಡಿಗೆ ಕೈ ಹಾಕಿದರು, ಈಗ ನಾನು ಬಿಟ್ಟುಕೊಟ್ಟೆ. ಆಮೇಲೆ ಎರಡೂ ಬೋಲ್ಟನ್ನು ಚಿಂದಿಯಲ್ಲಿ ಸುತ್ತಿಕೊಂಡು ಇನ್‌ಸ್ಪೆಕ್ಟರ ಮನೆಯ ಕಡೆ ನಡೆದರು.

ಲಾಲಸಾಬನ ನೌಕರಿ ಉಳಿಯಿತು. ಮೌನೇಶಪ್ಪನವರಿಂದ ಶಸ್ತ್ರಾಗಾರದ ಕೀಲಿಕೈ ಇಸಿದುಕೊಂಡರು. ಕೊನೆಯ ಮೂರು ತಿಂಗಳು ಅವರು ಗೇಟಿನಲ್ಲಿ ಬಂದುಹೋಗುವವರಿಗೆ ಸೆಲ್ಯೂಟು ಹೊಡೆಯುತ್ತಾ ನಿಂತರು. ಅವರಿಗೆ ಚಹಾ ಒಯ್ದು ಕೊಡುತ್ತಿದ್ದವನು ಲಾಲಸಾಬ.

ನನ್ನ ಬೋಲ್ಟು ನನಗೆ ಬಂತು, ಅವನದು ಅವನಿಗೆ ಹೋಯಿತು. ತೊಂಬತ್ತೊಂಬತ್ತು ಮತ್ತೆ ಕಪ್ಪು ತಂದ. ನನಗೆ ಮತ್ತೆ ಉರಿಯಿತು. ಒಂದು ಒಳ್ಳೆಯ ಕೆಲಸ ಮಾಡಿದ ಮಾತ್ರಕ್ಕೆ ಹುಟ್ಟುಗುಣ ಹೋಗುತ್ತದೆಯೇ?

ಹತ್ತು ಹನ್ನೆರಡು ವರ್ಷಗಳ ಮೇಲೆ ಆದೇಶ ಬಂತು: ಹಳೆಯ ತ್ರೀ ನಾಟ್ ತ್ರೀಗಳನ್ನೆಲ್ಲ ಕತ್ತರಿಸಿ ಕುಲುಮೆಗೆ ಹಾಕಬೇಕು, ಒಂದನ್ನು ಮಾತ್ರ ಹೊಡೆಯದಂತೆ ಮಾಡಿ ತರಬೇತಿ ಕೋಣೆಯಲ್ಲಿ ಇಡಬೇಕು. ನಮ್ಮನ್ನು ಬಿಚ್ಚಲು ಹೊಸಬರಿಗೆ ಬರುತ್ತಿರಲಿಲ್ಲ. ಮೌನೇಶಪ್ಪನವರನ್ನು ಮನೆಯಿಂದ ಕರೆಸಿದರು. ಈಗ ಹೆಡ್ ಕಾನ್‌ಸ್ಟೆಬಲ್ ಆಗಿದ್ದ ಲಾಲಸಾಬ ಕೇಳಿದ: "ಕಾಕಾ, ಯಾವುದು ಇಡೂಣ್ರಿ? ಕಪ್ ಗೆದ್ದದ್ದ ಹೌದಲ್ರಿ?"

ನಾನು ಆಸೆ ಬಿಟ್ಟಿದ್ದೆ.

"ಅರವತ್ತಾರು ಇಡ್ರಿ," ಎಂದರು ಮೌನೇಶಪ್ಪನವರು. "ಗುರಿ ಹೊಡಿಯೂವು ರಗಡ ಅದಾವ. ಇದು ಒಮ್ಮಿ ಬಿಗಿ ಹಿಡಿದು ನಿನ್ನ ಅನ್ನ ಉಳಿಸೇತಿ."

ಆಮೇಲೆ ಅವರು ನನ್ನ ಬೋಲ್ಟನ್ನು ತೆಗೆದರು. ತೊಂಬತ್ತೊಂಬತ್ತರ ಬೋಲ್ಟನ್ನೂ ತೆಗೆದು, ಅದರ ಮೊಳೆ ಕಿತ್ತು, ಬೇಕೆಂದೇ ತಲೆಕೆಳಗೆ ಓದಿ ನನ್ನೊಳಗೆ ತಳ್ಳಿದರು. "ಇಬ್ಬರೂ ಉಳಿದಂಗ ಆಗ್ಲಿ." ಈ ಸಲವೂ ನಾನು ಬಿಗಿ ಹಿಡಿಯಲಿಲ್ಲ. ನನ್ನ ಬೋಲ್ಟನ್ನು ಅವನ ಮೈಗೆ ಹಾಕಿ, ಅವನನ್ನೂ ಅದನ್ನೂ ಒಟ್ಟಿಗೆ ಕುಲುಮೆಯ ಲಾರಿಗೆ ಏರಿಸಿದರು.

ಈಗ ನಾನು ಗಾಜಿನ ಪೆಟ್ಟಿಗೆಯಲ್ಲಿದ್ದೇನೆ. ಹೊಸ ಪೇದೆಗಳು ಬಾಗಿ ನೋಡುತ್ತಾರೆ, ಬಾಗಿಲ ಕಡೆ ನಿಂತವರು ಅರವತ್ತಾರು ಎನ್ನುತ್ತಾರೆ, ಗೋಡೆಯ ಕಡೆಯವರು ತೊಂಬತ್ತೊಂಬತ್ತು ಎನ್ನುತ್ತಾರೆ. ಮೌನೇಶಪ್ಪನವರು ವರ್ಷಕ್ಕೊಮ್ಮೆ ಬಂದು ಮೊದಲ ಚಿಂದಿಯಿಂದಲೇ, ಬಿಳಿಯದರಿಂದಲೇ, ನನ್ನನ್ನು ಒರೆಸುತ್ತಾರೆ. ನಾನು ಜನ್ಮವೆಲ್ಲ ಬಯಸಿದ್ದು ನನಗೆ ಸಿಕ್ಕಿದೆ. ಹೊಟ್ಟೆಯಲ್ಲಿ ಮಾತ್ರ ಈಗ ಕಿಚ್ಚಿಲ್ಲ, ಮೊಳೆಯೂ ಇಲ್ಲ.

ಆದರೂ ಹೊಟ್ಟೆಕಿಚ್ಚು ಹೋಗಿಲ್ಲ. ನನ್ನದೊಂದು ಮೋಟುಮೊಳೆಯ ಬೋಲ್ಟಿತ್ತಲ್ಲ, ಕೊನೆಯ ದಿನ ತೊಂಬತ್ತೊಂಬತ್ತರ ಎದೆಯೊಳಗೆ ಕೂತು ಅವನ ಜೊತೆಯಲ್ಲೇ ಬೆಂಕಿಗೆ ಹೋಯಿತು. ಅದರ ಮೇಲೆ.